ಫೋನ್‌ನಾಗ ಡಿಪ್ರೆಶನ್ ಚಿಕಿತ್ಸೆ: ಮೊದಲ ಕೂಡೋ ಜಾಗ ನೋಡ್ಕೋರಿ

ಆನ್‌ಲೈನ್ ಥೆರಪಿ ತಗೊಂಡು 'ಏನೂ ಫರಕ್ ಬೀಳ್ಲಿಲ್ರಿ' ಅನ್ನೋ ಮಂದಿ ನಮ್ಮ ಕಲಬುರಗಿ ಕಡಿ ಭಾಳ ಸಿಗ್ತಾರ, ಕೆದಕಿ ಕೇಳಿದ್ರ ಹಾಲ್‌ನಾಗ ಅತ್ತಿ-ಮಾವ ಟಿವಿ ನೋಡ್ಕೋತ ಕೂತಾಗ ಮಾತಾಡಿರ್ತಾರ.

ಯಾರ ಹತ್ರ ಹೋಗೋದು? ಗುಳಿಗಿ ಬರಿಯೋರು ಸೈಕಿಯಾಟ್ರಿಸ್ಟ್. ಮಾತಿನ ಚಿಕಿತ್ಸೆಗೆ ಕ್ಲಿನಿಕಲ್ ಸೈಕಾಲಜಿಸ್ಟ್, ಅವರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರ್ ಕೇಳ್ರಿ, ಕೇಳಿದ್ರ ಸಿಟ್ಟಿಗೇಳೋರು ಬ್ಯಾಡೇ ಬ್ಯಾಡ. '7 ದಿನದಾಗ ಡಿಪ್ರೆಶನ್ ಮಾಯ' ಅಂತ ರೀಲ್ಸ್ ಹಾಕೋರಿಗೆ ಒಂದು ರೂಪಾಯಿನೂ ಕೊಡಬ್ಯಾಡ್ರಿ. ರೊಕ್ಕದ ಅಡಚಣಿ ಇದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಫ್ರೀ, ಹಗಲು ರಾತ್ರಿ ಇರ್ತದ, ಕನ್ನಡದಾಗೇ ಮಾತಾಡಬಹುದು.

ಈಗ ಜಾಗ. ಇಲ್ಲೇ ಎಲ್ಲಾರೂ ಕೆಡಸ್ತಾರ. ಮಾಳಿಗಿ ಮ್ಯಾಲ ಹೋಗ್ತೀನಿ ಅಂತೀರಿ, ಮೇ ತಿಂಗಳ ಮಧ್ಯಾಹ್ನ ಅಲ್ಲಿ ಕಾಲಿಡಾಕಾಗಂಗಿಲ್ಲ, ಸಂಜಿಗಿ ಪಕ್ಕದ ಮನಿಯವ್ರು ಹಾಸಿಗಿ ತಗೊಂಡು ಬಂದಿರ್ತಾರ. ಖೋಲಿ ಬಾಗ್ಲ ಹಾಕ್ರಿ, ಹೊರಗ ಪಡಸಾಲ್ಯಾಗಿನ ಕೂಲರ್ ಚಾಲೂ ಇಡ್ರಿ, ಆ ಗದ್ದಲದಾಗ ನಿಮ್ಮ ಮಾತು ಯಾರಿಗೂ ಕೇಳಂಗಿಲ್ಲ. ಒಳಗ ಮಾತ್ರ ಕೂಲರ್ ಬ್ಯಾಡ, ಡಾಕ್ಟರ್‌ಗೂ ಕೇಳಂಗಿಲ್ಲ. ಖೋಲಿ ಇಲ್ಲೇನು, ದೋಸ್ತನ ಅಂಗಡಿ ಮುಚ್ಚಿದ ಮ್ಯಾಲ ಅಲ್ಲಿ ಕೂಡ್ರಿ, ಇಲ್ಲಾ ನಿಂತ ಕಾರಿನ್ಯಾಗ ಕೂಡ್ರಿ, ಗಾಡಿ ಓಡಿಸ್ಕೋತ ಅಲ್ಲ ಮತ್ತ. ವೈರ್ ಇಯರ್‌ಫೋನೇ ತಗೋರಿ, ಬ್ಲೂಟೂತ್ ಅಳೋ ಹೊತ್ತಿಗೇ ಚಾರ್ಜ್ ಮುಗಿಸ್ತದ. ವಿಡಿಯೋ ಕಟ್ ಕಟ್ ಆದ್ರ ಬರೇ ಆಡಿಯೋ ಸಾಕು.

ಮೊದಲನೇ ಸೆಶನ್‌ನಾಗ 'ಈಗ ಎಲ್ಲಿ ಕೂತೀರಿ, ಮನಿಯವ್ರ ನಂಬರ್ ಕೊಡ್ರಿ' ಅಂತ ಕೇಳ್ತಾರ. ಹೆದರಿ ಸುಳ್ಳು ಹೇಳೋರೇ ಜಾಸ್ತಿ. ಶಹಾಬಾದ್‌ನಾಗ ಕೂತು ಕಲಬುರಗಿ ಅನ್ನಬ್ಯಾಡ್ರಿ, ನಿಮಗ ಏನಾರ ಆದ್ರ ಮಂದಿ ಕಳಸಾಕ ಆ ವಿಳಾಸ ಬೇಕು. ಆಮ್ಯಾಲ 'ಟೆನ್ಷನ್ ಅದ, ತಲಿ ಭಾರ' ಅಂದು ಸುಮ್ಮನಾಗಬ್ಯಾಡ್ರಿ: ಎಷ್ಟು ತಿಂಗಳಾತು, ನಸುಕಿನ್ಯಾಗ ಎಷ್ಟಕ್ಕ ಎಚ್ಚರಾಗ್ತದ, ಊಟ ಹೆಂಗ, ಕುಡಿತ ಅದನೋ, ಥೈರಾಯ್ಡ್ ಗುಳಿಗಿ ತಗೋತೀರೇನು, ಸಾಯೋ ವಿಚಾರ ಬರ್ತದನೋ, ಎಲ್ಲಾ. ಆ ವಿಚಾರ ಈಗಲೇ ಜೋರ್ ಇದ್ರ ಅಪಾಯಿಂಟ್‌ಮೆಂಟ್ ಕಾಯಬ್ಯಾಡ್ರಿ, ಒಬ್ಬರನ್ನ ಜೋಡಿ ಕರ್ಕೊಂಡು ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನ ಎಮರ್ಜೆನ್ಸಿಗೆ ನಡೀರಿ, ಬೀದರ್‌ನವ್ರು ಅಲ್ಲಿನ ಸರ್ಕಾರಿ ಆಸ್ಪತ್ರೆ ಬ್ರಿಮ್ಸ್‌ಗೆ.

ಸೆಶನ್ ವಾರಕ್ಕೊಂದು, ಮುಕ್ಕಾಲು ತಾಸು. ನಡುವಿನ ವಾರದಾಗ ಮಾಡಾಕ ಥೆರಪಿಸ್ಟ್ ಕೊಡೋ ಹೋಮ್‌ವರ್ಕೇ ಔಷಧ. ಅಪ್ಪನ ಕೆರಿ ಸುತ್ತ 10 ನಿಮಿಷ ನಡೀರಿ ಅಂದ್ರ ಮನಸ್ಸಿಲ್ಲದಿದ್ರೂ ನಡೀರಿ; ಮನಸ್ಸು ಬಂದ ಮ್ಯಾಲ ಹೋಗ್ತೀನಿ ಅಂತ ಕೂತ್ರ ಬರಂಗಿಲ್ಲ, ಆ ರೋಗದ ಗುಣನೇ ಹಂಗ.

ಪಿಎಚ್‌ಕ್ಯೂ-9 ಅಂತ, ಡಿಪ್ರೆಶನ್ ಎಷ್ಟು ಜೋರದ ಅಂತ ಅಳಿಯೋ 9 ಪ್ರಶ್ನೆ ಕೊಡ್ತಾರ, ಒಟ್ಟು 27 ಅಂಕ. ಪ್ರತಿ ಸಲದ್ದು ಬರೆದಿಡ್ರಿ. 5 ಅಂಕ ಇಳೀತಂದ್ರ ಚಿಕಿತ್ಸೆ ಹತ್ತಾಕತ್ತದ. ಒಂದೂವರಿ ತಿಂಗಳಾದ್ರೂ ಕದಲಿಲ್ಲಂದ್ರ ಗುಪ್ತಾಗಿ ಬಿಟ್ಟುಬಿಡಬ್ಯಾಡ್ರಿ, ಗುಳಿಗಿನೂ ಬೇಕೇನ್ರಿ, ಬ್ಯಾರೆ ಥೆರಪಿಸ್ಟ್ ನೋಡ್ಲೇನ್ರಿ ಅಂತ ಅವರಿಗೇ ಕೇಳ್ರಿ.