ಹಳೆಯ ಸ್ಟ್ಯಾನ್ಲಿ ಹತ್ತರಿಗೆ ಮತ್ತೆ ಹರಿತ ಕೊಡುವುದು ಹೇಗೆ?

ನನ್ನ ಗೆಳೆಯರೊಬ್ಬರು ಕಳೆದ ವರ್ಷ ಒಂದು ಹಳೆಯ ಸ್ಟ್ಯಾನ್ಲಿ ನಂಬರ್ 4 ಹತ್ತರಿ ಕೊಂಡು ತಂದರು. ಎರಡು ಭಾನುವಾರ ಕೂತು ಅದನ್ನು ಫಳಫಳ ಹೊಳೆಸಿದರು. ಹಿತ್ತಾಳೆ ಚಕ್ರದಲ್ಲಿ ಮುಖ ಕಾಣುತ್ತಿತ್ತು. ಆದರೆ ಪೈನ್ ಹಲಗೆಯ ಮೇಲಿಟ್ಟು ತಳ್ಳಿದರೆ ಹತ್ತರಿ ಕುಪ್ಪಳಿಸಿತು. ಮರ ಸಿಬಿರೆದ್ದಿತು, ಹತ್ತರಿಯ ಬಾಯಲ್ಲಿ ಹೊಟ್ಟು ಸಿಕ್ಕಿಕೊಂಡಿತು. "ಹಳೇದಲ್ವಾ, ಸವೆದು ಹೋಗಿದೆ" ಅಂದುಕೊಂಡು ಅದನ್ನು ಕಪಾಟಿಗೆ ಸೇರಿಸಿಬಿಟ್ಟರು. ಅದು ಸವೆದಿರಲಿಲ್ಲ. ಅಲಗಿಗೆ ಅವರು ಕೊಟ್ಟಿದ್ದ ಸಮಯ ಹತ್ತೇ ನಿಮಿಷ. ಇಂಥದ್ದನ್ನು ನಾನು ನಾಲ್ಕೈದು ಸಲ ನೋಡಿದ್ದೇನೆ. ಅದಕ್ಕೇ ಈ ಲೇಖನ.

ಹತ್ತರಿಯನ್ನು ನೀವು ಉಜ್ಜುಗೊರಡು, ಕೀಸುಳಿ ಅಥವಾ ರಂಧಾ ಎಂದು ಕರೆಯುತ್ತಿರಬಹುದು. ಮರವನ್ನು ಹೆರೆದು ನಯ ಮಾಡುವ ಸಾಧನ. ಕಬ್ಬಿಣದ ಹತ್ತರಿಗೆ ಇವತ್ತಿನ ರೂಪ ಕೊಟ್ಟವರು ಅಮೆರಿಕದ ಲೆನಾರ್ಡ್ ಬೈಲಿ. ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಊರಿನ ಸ್ಟ್ಯಾನ್ಲಿ ರೂಲ್ ಆ್ಯಂಡ್ ಲೆವೆಲ್ ಕಂಪನಿ 1869ರಲ್ಲಿ ಅವರ ಪೇಟೆಂಟ್‌ಗಳನ್ನು ಕೊಂಡಿತು. ಮುಂದೆ ದಶಕಗಟ್ಟಲೆ ಅಲ್ಲಿಂದ ರಾಶಿ ರಾಶಿ ಹತ್ತರಿಗಳು ಹೊರಬಂದವು. ನಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಬ್ಬಿಣದ ಹತ್ತರಿಯೂ ಹೆಚ್ಚುಕಡಿಮೆ ಬೈಲಿಯ ಮಾದರಿಯದೇ. ಹಾಗಾಗಿ ಇಲ್ಲಿ ಹೇಳುವ ಮಸೆಯುವ ಕೆಲಸ ಅದಕ್ಕೂ ಹೊಂದುತ್ತದೆ.

ಕೊಳ್ಳುವಾಗ

ನಾನಿರುವ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹಳೆ ಸಾಮಾನು ಹುಡುಕುವವರಿಗೆ ಕೊರತೆಯಿಲ್ಲ. ಬ್ರಿಮ್‌ಫೀಲ್ಡ್ ಊರಿನಲ್ಲಿ 1959ರಿಂದ ನಡೆಯುವ ದೊಡ್ಡ ಸಂತೆಯಿದೆ. ಮೇ, ಜುಲೈ, ಸೆಪ್ಟೆಂಬರ್, ಹೀಗೆ ವರ್ಷಕ್ಕೆ ಮೂರು ಸಲ ರೂಟ್ 20 ಹೆದ್ದಾರಿಯ ಉದ್ದಕ್ಕೂ ಡೇರೆ ಹಾಕುತ್ತಾರೆ. ಆದರೆ ನನಗೆ ಒಳ್ಳೆಯ ಹತ್ತರಿಗಳು ಸಿಕ್ಕಿದ್ದು ಜಾಸ್ತಿ ಗರಾಜ್ ಸೇಲ್‌ಗಳಲ್ಲಿ, ಅಂದರೆ ಮನೆಯವರೇ ಹಳೆ ಸಾಮಾನು ಹೊರಗಿಟ್ಟು ಮಾರುವಲ್ಲಿ. ಮನೆಯ ಹಿರಿಯರು ಬಳಸಿ ಬಿಟ್ಟುಹೋದ ಸಾಮಾನು ಅಲ್ಲಿ ಬಣ್ಣ ಬಳಿಸಿಕೊಳ್ಳದೆ ಇದ್ದ ಹಾಗೇ ಸಿಗುತ್ತದೆ. ಇಂಥ ನಂಬರ್ 4ಕ್ಕೆ ನಾನು ಯಾವತ್ತೂ 30 ಡಾಲರ್ ದಾಟಿಲ್ಲ.

ಮೊದಲ ಹತ್ತರಿ ನಂಬರ್ 4 ಇರಲಿ. ಉದ್ದ ಸುಮಾರು 9 ಇಂಚು, ಅಲಗಿನ ಅಗಲ 2 ಇಂಚು. ಆಮೇಲೆ 14 ಇಂಚಿನ ನಂಬರ್ 5. ಇವೆರಡಿದ್ದರೆ ಮನೆಯ ಮರಗೆಲಸ ಬಹುಪಾಲು ಆಗುತ್ತದೆ. ಐದೂವರೆ ಇಂಚಿನ ಪುಟ್ಟ ನಂಬರ್ 1 ನೋಡಲು ಬಹಳ ಚಂದ, ಆದರೆ ಅದರ ಬೆಲೆ ಸಾವಿರ ಡಾಲರ್ ದಾಟುತ್ತದೆ. ಅದು ಗಾಜಿನ ಕಪಾಟಿನಲ್ಲಿ ಇಡುವವರಿಗೆ.

ಕಾಲ ಗುರುತಿಸಲು ಕೆಲವು ಸುಳಿವುಗಳಿವೆ. ಅಲಗು ಒರಗಿ ಕೂರುವ ಇಳಿಜಾರು ತುಂಡಿಗೆ ಫ್ರಾಗ್ ಎನ್ನುತ್ತಾರೆ. ಅದರ ಹಿಂದೆ ಎರಕದಲ್ಲೇ ಮೂರು ಪೇಟೆಂಟ್ ತಾರೀಕು ಮೂಡಿದ್ದರೆ ಅದು ಸುಮಾರು 1910ರಿಂದ 1918ರ ನಡುವಿನದು. ಅಲಗಿನ ಮೇಲೆ ಹೃದಯದ ಗುರುತಿದ್ದರೆ 1920ರಿಂದ 30ರ ದಶಕದ ನಡುವಿನದು. ಸ್ಟ್ಯಾನ್ಲಿ ವರ್ಕ್ಸ್‌ನ ಅಧ್ಯಕ್ಷರಾಗಿದ್ದ ವಿಲಿಯಂ ಹಾರ್ಟ್ ಅವರ ಗೌರವಕ್ಕೆ ಹಾಕಿದ ಗುರುತು ಅದು. ಲಿವರ್ ಕ್ಯಾಪ್, ಅಂದರೆ ಅಲಗನ್ನು ಒತ್ತಿ ಹಿಡಿಯುವ ಮುಚ್ಚಳ, ಅದರ ತೂತು ಗೋಡಂಬಿಯ ಆಕಾರದಲ್ಲಿದ್ದರೆ 1933ರ ಈಚಿನದು. ಎರಡು ಮಹಾಯುದ್ಧಗಳ ನಡುವಿನ ಹತ್ತರಿ ಸಿಕ್ಕರೆ ಬಿಡಬೇಡಿ. ನನ್ನ ಪ್ರಕಾರ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ.

ಕಾಲಕ್ಕಿಂತ ಮುಖ್ಯ ಬಿರುಕು. ತಳದಲ್ಲಿ ಅಲಗು ಇಣುಕುವ ಸೀಳಿದೆಯಲ್ಲ, ಅದೇ ಬಾಯಿ. ಆ ಬಾಯಿಯ ಎರಡು ಮೂಲೆಗಳನ್ನು ಟಾರ್ಚ್ ಹಾಕಿ ನೋಡಿ. ಮಾರುವವರನ್ನು ಕೇಳಿ ಅಲಗು ತೆಗೆದು, ಎರಕದ ಒಡಲನ್ನು ಬೆರಳ ಗೆಣ್ಣಿನಿಂದ ತಟ್ಟಿ. ಸಂತೆಯಲ್ಲಿ ಮಡಕೆ ತಟ್ಟಿ ನೋಡುವುದಿಲ್ಲವೇ, ಹಾಗೆ. ಒಡಕು ಸದ್ದು ಬಂದರೆ ಕೆಳಗಿಡಿ. ಹೊಸದಾಗಿ ಕಪ್ಪು ಬಣ್ಣ ಹೊಡೆದದ್ದನ್ನಂತೂ ಕೊಳ್ಳಲೇಬೇಡಿ. ಆನ್‌ಲೈನ್‌ನಲ್ಲಿ ಒಮ್ಮೆ ಹಾಗೆ ಕೊಂಡೆ. ಬಣ್ಣದ ಕೆಳಗೆ ಒಂದು ಇಂಚಿನ ಬಿರುಕಿತ್ತು.

ತಿರುಪುಗಳೆಲ್ಲ ಇವೆಯೇ ಎಂದೂ ಎಣಿಸಿ. ಹಿಡಿಗಳ ತಿರುಪಿನ ಮರೆ, ಅಂದರೆ ಅದರ ಸುರುಳಿ ಗೆರೆ, 12-20 ಎಂಬ ಅಳತೆಯದು. ಈಗಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಅದು ಸಿಗುವುದಿಲ್ಲ. ಸಿಕ್ಕಿದ ಬೇರೆ ತಿರುಪನ್ನು ಬಲವಂತವಾಗಿ ತಿರುಗಿಸಿದರೆ ಒಡಲಿನ ಮರೆಯೇ ಹಾಳು.

ಬಿಚ್ಚುವುದು, ತುಕ್ಕು ತೆಗೆಯುವುದು

ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಅಂಟಿಕೊಂಡ ತಿರುಪಿಗೆ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಒಂದೇ ಎಚ್ಚರಿಕೆ: ಆಳ ಹೊಂದಿಸುವ ಹಿತ್ತಾಳೆ ಚಕ್ರದ ಮರೆ ಬಹುತೇಕ ಹತ್ತರಿಗಳಲ್ಲಿ ಎಡಮುಖದ್ದು, ನಾವು ರೂಢಿಯಲ್ಲಿ ಬಿಚ್ಚುವುದಕ್ಕೆ ಉಲ್ಟಾ. ಅದು ಗೊತ್ತಿಲ್ಲದೆ ಇಕ್ಕಳ ಹಾಕಿ ಜಗ್ಗಿ, ಒಳಗಿನ ಕವಲು ತುಂಡನ್ನು ಮುರಿದವರಿದ್ದಾರೆ.

ಅಲಗು, ಅದರ ಬೆನ್ನಿಗೆ ಕೂರುವ ತಗಡು (ಚಿಪ್‌ಬ್ರೇಕರ್), ಸಣ್ಣ ತಿರುಪುಗಳನ್ನು ಸಿಟ್ರಿಕ್ ಆಸಿಡ್ ನೀರಿನಲ್ಲಿ ನೆನೆಹಾಕಿ. ನಿಂಬೆ ಉಪ್ಪು ಅಂತ ದಿನಸಿ ಅಂಗಡಿಯಲ್ಲಿ ಸಿಗುತ್ತದಲ್ಲ, ಅದೇ. ಒಂದು ಲೀಟರಿಗೆ 50 ಗ್ರಾಂ, ಎರಡು ಮೂರು ಗಂಟೆ. ಆಗಾಗ ತೆಗೆದು ಉಜ್ಜಿ ನೋಡುತ್ತಿರಿ. ರಾತ್ರಿಯಿಡೀ ಬಿಟ್ಟು ಮಲಗಬೇಡಿ, ಆಸಿಡ್ ತುಕ್ಕು ಮುಗಿಸಿ ಉಕ್ಕನ್ನೇ ತಿನ್ನುತ್ತದೆ. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಹೇರ್ ಡ್ರೈಯರ್‌ನಿಂದ ಒಣಗಿಸಿ, ತಕ್ಷಣ ಎಣ್ಣೆ ಸವರಿ. ಐದು ನಿಮಿಷ ತಡವಾದರೂ ಕೆಂಪು ತುಕ್ಕು ಮತ್ತೆ ಇಣುಕುತ್ತದೆ.

ಒಡಲನ್ನು ನೆನೆಹಾಕಬೇಡಿ. ಅದರ ಹಳೆಯ ಕಪ್ಪು ಲೇಪ ಉಳಿಯಬೇಕು. ಶೇವಿಂಗ್ ಬ್ಲೇಡನ್ನು ಬಹುತೇಕ ಅಡ್ಡ ಮಲಗಿಸಿ, ಎಣ್ಣೆಯ ಜೊತೆ ಮೆಲ್ಲಗೆ ಕೆರೆದರೆ ತುಕ್ಕು ಬರುತ್ತದೆ. ಡ್ರಿಲ್‌ಗೆ ತಂತಿ ಬ್ರಶ್ ಸಿಕ್ಕಿಸಿ ಉಜ್ಜುವ ಅಭ್ಯಾಸ ನನಗೆ ಸ್ವಲ್ಪವೂ ಇಷ್ಟವಿಲ್ಲ. ಲೇಪ ಹೋಗುತ್ತದೆ, ಅಚ್ಚಾದ ಅಕ್ಷರಗಳು ಮಾಸುತ್ತವೆ.

ಹಿಡಿಗಳು ಹೆಚ್ಚಾಗಿ ಬ್ರೆಜಿಲ್‌ನ ರೋಸ್‌ವುಡ್‌ನವು, ನಮ್ಮ ಬೀಟೆಯ ಬಳಗದ ಮರ. ಆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಿಂದ ಕಟ್ಟುನಿಟ್ಟಿನ ನಿರ್ಬಂಧವಿದೆ. ಮುರಿದಿದ್ದರೆ ಎಪಾಕ್ಸಿ ಹಾಕಿ ಅಂಟಿಸಿ, ಎಸೆಯಬೇಡಿ.

ತಳ

ಗಾಜಿನ ದಪ್ಪ ಹಲಗೆಯ ಮೇಲೆ 220 ನಂಬರಿನ ಉಪ್ಪುಕಾಗದ ಅಂಟಿಸಿ. ಹತ್ತರಿಯನ್ನು ಪೂರ್ತಿ ಜೋಡಿಸಿ, ಅಲಗನ್ನು ಮಾತ್ರ ಒಳಕ್ಕೆ ಎಳೆದುಕೊಂಡು ಉಜ್ಜಿ. ಲಿವರ್ ಕ್ಯಾಪ್ ಬಿಗಿದಾಗ ಒಡಲು ತುಸು ಬಾಗುತ್ತದೆ, ಅದಕ್ಕೇ ಜೋಡಿಸಿಯೇ ಉಜ್ಜಬೇಕು. ಮೂಗು, ಬಾಯಿಯ ಮುಂದಿನ ಅಂಚು, ಹಿಮ್ಮಡಿ ಈ ಮೂರೂ ಒಂದೇ ಮಟ್ಟಕ್ಕೆ ಬಂದರೆ ನಿಲ್ಲಿಸಿ. ನಡುವೆ ಅಲ್ಲಲ್ಲಿ ಗುಳಿ ಉಳಿದರೆ ಏನೂ ಆಗುವುದಿಲ್ಲ.

ಅಲಗು: ಇಲ್ಲಿ ಅವಸರ ಬೇಡ

ಅಲಗಿಗೆ ಎರಡು ಮುಖ. ಒಂದು ಇಳಿಜಾರಾಗಿ ಮಸೆದದ್ದು, ಇನ್ನೊಂದು ಚಪ್ಪಟೆ ಬೆನ್ನು. ಹರಿತ ಇರುವುದು ಈ ಎರಡೂ ಕೂಡುವ ಗೆರೆಯಲ್ಲಿ. ಎಲ್ಲರೂ ಇಳಿಜಾರನ್ನು ಮಸೆಯುತ್ತಾರೆ, ಬೆನ್ನನ್ನು ಮರೆಯುತ್ತಾರೆ. ಬೆನ್ನಿನಲ್ಲಿ ತುಕ್ಕು ತಿಂದ ಗುಳಿಗಳಿದ್ದರೆ, ಇಳಿಜಾರನ್ನು ಎಷ್ಟೇ ಮಸೆದರೂ ಅಂಚು ಹಲ್ಲುಹಲ್ಲಾಗಿಯೇ ಉಳಿಯುತ್ತದೆ. ಗೆಳೆಯರ ಹತ್ತರಿಯಲ್ಲಿ ಆಗಿದ್ದ ಮೊದಲ ತಪ್ಪು ಇದು.

ಆದ್ದರಿಂದ ಬೆನ್ನಿನಿಂದ ಶುರು ಮಾಡಿ. ಇಡೀ ಬೆನ್ನು ಬೇಡ, ಅಂಚಿನ ಕಡೆಯ ಕಾಲು ಇಂಚು ಸಾಕು. ಆ ಜಾಗಕ್ಕೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿಯಿರಿ. ನೀರು ಹಾಕಿ ಉಜ್ಜುವ ಕಪ್ಪು ಉಪ್ಪುಕಾಗದವನ್ನು ಗಾಜಿನ ಮೇಲೆ ಇಟ್ಟು, ಅಲಗನ್ನು ಪೂರ್ತಿ ಮಲಗಿಸಿ, ಅಂಚಿನ ಹತ್ತಿರ ಎರಡು ಬೆರಳಿನಿಂದ ಒತ್ತಿ ಉಜ್ಜಿ. ಹತ್ತು ಸಲ ಉಜ್ಜಿ ತಿರುಗಿಸಿ ನೋಡಿ. ಬಣ್ಣ ಎಲ್ಲಿ ಉಳಿದಿದೆಯೋ ಅಲ್ಲಿ ತಗ್ಗಿದೆ. 220ರಲ್ಲಿ ಬಣ್ಣ ಪೂರ್ತಿ ಹೋಗುವವರೆಗೆ ಇನ್ನೂ ನಯವಾದ 400ಕ್ಕೆ ಹೋಗಬೇಡಿ. ಹಳೆಯ ಅಲಗಾದರೆ ಇದಕ್ಕೇ ಅರ್ಧ ಗಂಟೆ ಹಿಡಿಯಬಹುದು. ಆಮೇಲೆ 400, 800, 2000 ನಂಬರುಗಳು ಎರಡೆರಡು ನಿಮಿಷದ ಕೆಲಸ. ಗುಳಿ ಅಂಚಿಗೇ ಬಂದು ಮುಟ್ಟಿದ್ದರೆ, ಅದು ಮುಗಿಯುವವರೆಗೆ ಅಂಚನ್ನೇ ಸವೆಸಬೇಕು, ಬೇರೆ ದಾರಿಯಿಲ್ಲ.

ಇದಕ್ಕೊಂದು ಅಡ್ಡದಾರಿ ಉಂಟು. ಅಲಗಿನ ಹಿಂಭಾಗಕ್ಕೆ ತೆಳ್ಳನೆಯ ಉಕ್ಕಿನ ಸ್ಕೇಲ್ ಕೊಟ್ಟು ಎತ್ತಿದರೆ, ಅಂಚಿನ ಒಂದು ಮಿಲಿಮೀಟರ್ ಮಾತ್ರ ಕಾಗದಕ್ಕೋ ಮಸೆಗಲ್ಲಿಗೋ ತಾಗಿ ಬೇಗ ಹೊಳೆಯುತ್ತದೆ. ಬಹಳ ಜನ ಮಾಡುತ್ತಾರೆ. ನಾನು ಮಾಡುವುದಿಲ್ಲ. ಚಿಪ್‌ಬ್ರೇಕರ್ ಬಂದು ಕೂರುವುದು ಅದೇ ಜಾಗದಲ್ಲಿ. ಅದು ನಿಜವಾಗಿಯೂ ಚಪ್ಪಟೆಯಾಗಿರಲಿ.

ಈಗ ಇಳಿಜಾರು. ಕೋನ 25 ಡಿಗ್ರಿ. ಅಂದಾಜಿನಲ್ಲಿ ಕೈಯಲ್ಲೇ ಹಿಡಿದು ಮಸೆದರೆ ಶುರುವಿನಲ್ಲಿ ಅಂಚು ದುಂಡಗಾಗುತ್ತದೆ. ಅಲಗನ್ನು ಪಕ್ಕದಿಂದ ಒಂದೇ ಕೋನದಲ್ಲಿ ಹಿಡಿಯುವ, ಚಕ್ರವಿರುವ ಹೋನಿಂಗ್ ಗೈಡ್ ತೆಗೆದುಕೊಳ್ಳಿ. ಅದರಲ್ಲಿ ಹತ್ತರಿ ಅಲಗು 50 ಮಿಲಿಮೀಟರ್ ಮುಂದೆ ಚಾಚಿದ್ದರೆ 25 ಡಿಗ್ರಿ, 38 ಇದ್ದರೆ 30 ಡಿಗ್ರಿ. ತೀರಾ ಅಗ್ಗದ ಗೈಡ್‌ಗಳಲ್ಲಿ ಅಲಗು ಓರೆಯಾಗಿ ಕೂರುತ್ತದೆ. ಕೊಂಡ ಮೇಲೆ ಮೂಲೆಮಟ್ಟ ಇಟ್ಟು ನೋಡಿ. ಕರೆಂಟಿನ ಗ್ರೈಂಡರ್ ಇದೆ ಅಂತ ಅದಕ್ಕೆ ಒತ್ತಬೇಡಿ. ಅಂಚು ನೀಲಿಯಾದರೆ ಉಕ್ಕಿನ ಹದ ಹೋಯಿತು ಎಂದೇ ಅರ್ಥ, ನೀಲಿ ಇರುವಷ್ಟನ್ನೂ ಸವೆಸಿ ತೆಗೆಯಬೇಕು.

25 ಡಿಗ್ರಿಯಲ್ಲಿ ಮಸೆಯುತ್ತಾ ಹೋದಂತೆ ಬೆನ್ನಿನ ಕಡೆ ಲೋಹದ ಸಣ್ಣ ಮಡಿಕೆ ಏಳುತ್ತದೆ. ವರ್ಕ್‌ಶಾಪ್‌ನಲ್ಲಿ ಇದಕ್ಕೆ ಬರ್ ಎನ್ನುತ್ತಾರೆ. ಬೆರಳನ್ನು ಬೆನ್ನಿನ ಮೇಲೆ ಇಟ್ಟು ಅಂಚಿನಿಂದ ಆಚೆಗೆ ಸವರಿ. ಅಂಚಿನ ಉದ್ದಕ್ಕೆ ಸವರಿದರೆ ಬೆರಳು ಕೊಯ್ದೀತು. ಈ ಮೂಲೆಯಿಂದ ಆ ಮೂಲೆಯವರೆಗೆ ಮಡಿಕೆ ಕೈಗೆ ಸಿಗಬೇಕು. ನಡುವೆ ಒಂದೇ ಒಂದು ಕಡೆ ಸಿಗದಿದ್ದರೂ ಅಲ್ಲಿ ಮಸೆತ ಅಂಚಿಗೆ ತಲುಪಿಲ್ಲ. ನಾನು ನೋಡಿದವರಲ್ಲಿ ಎಲ್ಲರೂ ಎಡವಿದ್ದು ಇಲ್ಲೇ. ಇಳಿಜಾರು ಹೊಳೆಯಿತು, ಕೆಲಸ ಮುಗಿಯಿತು ಅಂದುಕೊಂಡು ನಯವಾದ ಕಾಗದಕ್ಕೆ ಹೋಗಿಬಿಟ್ಟರು. ಹೊಳಪು ಬೇರೆ, ಹರಿತ ಬೇರೆ.

ಮಡಿಕೆ ಪೂರ್ತಿ ಎದ್ದ ಮೇಲೆ ಗೈಡ್‌ನಲ್ಲಿ ಅಲಗನ್ನು 30 ಡಿಗ್ರಿಗೆ ಬದಲಾಯಿಸಿ, ನಯವಾದ ಕಲ್ಲು ಅಥವಾ 2000 ಕಾಗದದ ಮೇಲೆ ಎಂಟು ಹತ್ತು ಸಲ ಎಳೆಯಿರಿ. ಕೊನೆಯ ನಾಲ್ಕು ಎಳೆತದಲ್ಲಿ ಎರಡು ಸಲ ಎಡ ಮೂಲೆಗೆ, ಎರಡು ಸಲ ಬಲ ಮೂಲೆಗೆ ಒತ್ತು ಕೊಡಿ. ಮೂಲೆಗಳು ಕೂದಲೆಳೆಯಷ್ಟು ತಗ್ಗಿದರೆ ಹಲಗೆಯ ಮೇಲೆ ಗೀರು ಬೀಳುವುದಿಲ್ಲ. ಬೆನ್ನು ಮಲಗಿಸಿ ಉಜ್ಜಿ ಮಡಿಕೆ ತೆಗೆಯಿರಿ. ಚರ್ಮದ ಪಟ್ಟಿಯ ಮೇಲೆ ಹಿಂದಕ್ಕೆ ಇಪ್ಪತ್ತು ಸಲ ಎಳೆಯಿರಿ.

ಹರಿತ ಬಂತೋ ಇಲ್ಲವೋ ನೋಡಲು ಕೈಮೇಲಿನ ಕೂದಲು ಬೋಳಿಸಬೇಕಿಲ್ಲ. ಪೈನ್ ತುಂಡಿನ ಅಡ್ಡ ಕೊಯ್ದ ತುದಿಯನ್ನು ಅಲಗಿನಿಂದ ಸವರಿ. ಮೆತ್ತನೆಯ ಮರ ಪುಡಿಯಾಗದೆ ನುಣ್ಣಗೆ ಹೊಳೆದರೆ ಅಲಗು ಸಿದ್ಧ.

ಚಿಪ್‌ಬ್ರೇಕರ್

ಅಲಗಿನ ಬೆನ್ನಿಗೆ ಅಂಟಿಕೊಂಡು ಕೂರುವ, ತುದಿಯಲ್ಲಿ ಗೂನಿರುವ ತಗಡು ಇದು. ಎದ್ದ ಹೊಟ್ಟನ್ನು ಮುರಿದು ಮೇಲಕ್ಕೆ ತಳ್ಳುವುದು ಇದರ ಕೆಲಸ. ಇದರ ತುದಿ ಮತ್ತು ಅಲಗಿನ ನಡುವೆ ಸಂದು ಇದ್ದರೆ ಹೊಟ್ಟು ಅದರೊಳಗೆ ನುಗ್ಗಿ ಬಾಯಿ ಕಟ್ಟುತ್ತದೆ. ಎರಡನ್ನೂ ಜೋಡಿಸಿ ಬಿಗಿದು ಬೆಳಕಿಗೆ ಹಿಡಿಯಿರಿ. ಬೆಳಕಿನ ಎಳೆ ಕಂಡರೆ ಮಸೆಯಬೇಕು.

ಮಸೆಯುವಾಗ ಅದರ ಮುಂದಿನ ತುದಿ ಕಲ್ಲಿನ ಮೇಲಿರಲಿ, ಹಿಂಬದಿ ಕಲ್ಲಿನಾಚೆ ಸ್ವಲ್ಪ ಕೆಳಗೆ ಇಳಿದಿರಲಿ. ಆಗ ಕಟ್ಟಕಡೆಯ ತುದಿ ಮಾತ್ರ ಅಲಗಿಗೆ ತಾಗುವಂತೆ ಸಣ್ಣ ಓರೆ ಸಿಗುತ್ತದೆ. ಬೆಳಕು ನಿಂತ ಮೇಲೆ ಗೂನಿನ ಮೇಲ್ಭಾಗವನ್ನೂ ನಯ ಮಾಡಿ, ಹೊಟ್ಟು ಜಾರಲಿ.

ಜೋಡಿಸುವಾಗ ಚಿಪ್‌ಬ್ರೇಕರ್ ಅನ್ನು ಅಲಗಿಗೆ ಅಡ್ಡವಾಗಿ ಇಟ್ಟು, ಹಿಂದಕ್ಕೆ ಜಾರಿಸಿ, ನೇರಕ್ಕೆ ತಿರುಗಿಸಿ, ಆಮೇಲೆ ಮುಂದಕ್ಕೆ ತನ್ನಿ. ನೇರ ಇಟ್ಟು ಎಳೆದರೆ ಈಗಷ್ಟೇ ಮಸೆದ ಅಂಚು ಹೋಯಿತು. ಅಂಚಿನಿಂದ ಅರ್ಧ ಮಿಲಿಮೀಟರ್ ಹಿಂದೆ ನಿಲ್ಲಿಸಿ ಬಿಗಿಯಿರಿ. ಒರಟು ಕೆಲಸಕ್ಕಾದರೆ ಒಂದೂವರೆ ಮಿಲಿಮೀಟರ್.

ಕೂರಿಸಿ ತಳ್ಳುವುದು

ಇಳಿಜಾರು ಮುಖ ಕೆಳಗೆ, ಚಿಪ್‌ಬ್ರೇಕರ್ ಮೇಲೆ. ತಲೆಕೆಳಗು ಹಾಕುವವರು ನೀವಂದುಕೊಂಡದ್ದಕ್ಕಿಂತ ಜಾಸ್ತಿ. ಲಿವರ್ ಕ್ಯಾಪ್ ಹೆಬ್ಬೆರಳಿನಿಂದಲೇ ಮುಚ್ಚಿಕೊಳ್ಳಬೇಕು. ಅಂಗೈ ನೋಯುವಷ್ಟು ಬಿಗಿ ಇದ್ದರೆ ನಡುವಿನ ತಿರುಪನ್ನು ಅರ್ಧ ಸುತ್ತು ಸಡಿಲ ಮಾಡಿ.

ಅಲಗನ್ನು ಪೂರ್ತಿ ಒಳಗೆ ಎಳೆದುಕೊಂಡು ಶುರು ಮಾಡಿ. ಹಲಗೆಯ ಮೇಲೆ ತಳ್ಳುತ್ತಾ ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಒಂದೇ ಬದಿ ಕಚ್ಚುತ್ತಿದ್ದರೆ ಹಿಂದಿನ ಸಣ್ಣ ಸನ್ನೆಯನ್ನು ಪಕ್ಕಕ್ಕೆ ಸರಿಸಿ. ಕೊನೆಯ ಹೊಂದಿಕೆ ಯಾವಾಗಲೂ ಅಲಗು ಹೊರಬರುವ ದಿಕ್ಕಿನಲ್ಲೇ ಇರಲಿ. ಒಳಗೆ ಎಳೆದು ಬಿಟ್ಟರೆ ಚಕ್ರದ ಸಡಿಲದಿಂದ ಅಲಗು ಕೆಲಸದ ನಡುವೆ ಹಿಂದೆ ಸರಿಯುತ್ತದೆ. ತಳಕ್ಕೆ ಮೇಣದ ಬತ್ತಿಯಿಂದ ಎರಡು ಗೆರೆ ಎಳೆಯಿರಿ, ತಳ್ಳುವ ಶ್ರಮ ಅರ್ಧಕ್ಕರ್ಧ ಇಳಿಯುತ್ತದೆ.

ಅಮೆರಿಕದಿಂದ ಊರಿಗೆ ತರುವವರು ಅಲಗು ಬಿಚ್ಚಿ ಬೇರೆ ಸುತ್ತಿ, ಎಲ್ಲವನ್ನೂ ಚೆಕ್-ಇನ್ ಸೂಟ್‌ಕೇಸ್‌ನಲ್ಲಿ ಇಡಿ. ಒಡಲಿಗೆ ಬಟ್ಟೆಯ ನಾಲ್ಕು ಸುತ್ತು ಬೇಕು, ಎರಕದ ಕಬ್ಬಿಣ ಬಿದ್ದರೆ ಒಡೆಯುತ್ತದೆ. ಹಿಡಿ ರೋಸ್‌ವುಡ್ ಆಗಿದ್ದರೆ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬಳಸಿದ ಪ್ರತಿ ಸಲವೂ ಹೊಲಿಗೆ ಯಂತ್ರದ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಡಿ. ಮುಂದಿನ ಸಲ ಮಸೆಯುವುದಕ್ಕೆ ಐದು ನಿಮಿಷ ಸಾಕು. ಬೆನ್ನಿನ ಕೆಲಸ ಒಮ್ಮೆ ಸರಿಯಾಗಿ ಮಾಡಿದ್ದರೆ ಮತ್ತೆ ಮಾಡಬೇಕಿಲ್ಲ.