ಕಿಟ್ಟದ ಹೊಲದ ಕಲ್ಲು ಲ್ಯಾಬ್ ತಲುಪಿದ್ದು ಹೇಗೆ

ಆಕಾಶದಿಂದ ಬಿದ್ದ ಉಲ್ಕೆ ಅಂತ ನಾನು ನಂಬಿದ್ದ ಒಂದು ಕಲ್ಲನ್ನು ಲ್ಯಾಬ್‌ನವರು ಮುಟ್ಟೋದೂ ಇಲ್ಲ ಅಂತ ನಮ್ಮ ಉಲ್ಕೆ ಹುಡುಕುವ ಗೆಳೆಯರೆಲ್ಲ ಹೇಳಿದ್ದರು. ಮುಟ್ಟಿದರು. ಮೈಕ್ರೋಪ್ರೋಬ್ (ಚಿಕ್ಕ ಚುಕ್ಕೆಯಲ್ಲಿ ಯಾವ ಧಾತು ಎಷ್ಟಿದೆ ಅಂತ ಅಳೆಯುವ ಯಂತ್ರ) ಕೆಳಗಿಟ್ಟು ಆರು ಕಡೆ ಅಳೆದು, ವರದಿಯನ್ನೂ ಕೈಗೆ ಕೊಟ್ಟರು. ಅದಕ್ಕೆ ನನಗೆ ಎರಡೂವರೆ ವರ್ಷ ಹಿಡಿಯಿತು, 31 ಸಾವಿರದ ಆಸುಪಾಸು ಕೈಬಿಟ್ಟಿತು. ಕೆಳಗಿನ ಲೆಕ್ಕವೆಲ್ಲ ನೆನಪಿನದು, ನೂರಿನ್ನೂರು ಆಚೀಚೆ ಇರಬಹುದು.

ಈ ಹುಚ್ಚು ಹತ್ತಿದ್ದು 2008ರಲ್ಲಿ. ಆಗ ಹೊಸೂರಿನಲ್ಲಿ ಕೆಲಸಕ್ಕಿದ್ದೆ. ಆ ಸೆಪ್ಟೆಂಬರ್ 12ರಂದು ಪಕ್ಕದ ಶೂಲಗಿರಿ ಕಡೆ ಆಕಾಶದಿಂದ ಕಲ್ಲು ಬಿತ್ತು. ಸಿಕ್ಕ ತುಂಡುಗಳೆಲ್ಲ ಸೇರಿ 110 ಕೆಜಿ ದಾಟಿದವು. ನಾನು ಹೋಗಿ ನೋಡುವಷ್ಟರಲ್ಲಿ ಗುಂಡಿ ಬಿಟ್ಟರೆ ಏನೂ ಉಳಿದಿರಲಿಲ್ಲ. ಆಮೇಲೆ ಊರಿಗೆ ವಾಪಸ್ ಬಂದು ಮಧುಗಿರಿ ಹತ್ತಿರ ಲೇತ್ ಅಂಗಡಿ ಹಾಕಿದೆ. ಕಣ್ಣು ಮಾತ್ರ ನೆಲದ ಮೇಲೇ ಇತ್ತು.

ಕಲ್ಲು ಸಿಕ್ಕಿದ್ದು ಅಂಗಡಿಯಿಂದ ಎಂಟು ಕಿಲೋಮೀಟರ್ ದೂರದ ಒಂದು ಕಡಲೆಕಾಯಿ ಹೊಲದ ಬದುವಿನಲ್ಲಿ. ತೂಕ 4 ಕೆಜಿ 200 ಗ್ರಾಂ. ಕಪ್ಪು ಸಿಪ್ಪೆ, ಅದರ ಮೇಲೆ ಹರಿದ ಗೆರೆಗಳು. ಮ್ಯಾಗ್ನೆಟ್ ಹಿಡಿಯಿತು. ಒರೆಗಲ್ಲಿಗೆ ಉಜ್ಜಿದರೆ ಕೆಂಪು ಗೆರೆ ಬರಲಿಲ್ಲ, ಅಂದರೆ ನಮ್ಮ ಕಡೆಯ ಮಾಮೂಲಿ ಕಬ್ಬಿಣದ ಅದಿರು ಹೆಮಟೈಟ್ ಅಲ್ಲ. ದಾರ ಕಟ್ಟಿ ನೀರಲ್ಲಿ ತೂಗಿದರೆ ಸಾಂದ್ರತೆ 3.7. ಒಳಗೆ ಇಣುಕಲು ಒಂದು ಕಡೆ ಸಿಪ್ಪೆ ಉಜ್ಜಿ ವಿಂಡೋ ಮಾಡಿದರೆ ಮಿಣಮಿಣ ಲೋಹ! ಆ ರಾತ್ರಿ ನಿದ್ದೆ ಬರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಹೆಚ್ಚಾಗಿ ಬೀಳುವ ಕಲ್ಲುಲ್ಕೆ, ಅಂದರೆ ಸಾಮಾನ್ಯ ಕಾಂಡ್ರೈಟ್‌ನ ಸಾಂದ್ರತೆ ಹೆಚ್ಚೂಕಮ್ಮಿ 3.2ರಿಂದ 3.7ರೊಳಗೇ ಬರುತ್ತದೆ ಅಲ್ವಾ.

ಹೊಲದ ಅಜ್ಜ ಅವತ್ತೇ ಒಂದು ಮಾತು ಹೇಳಿದ್ದರು. "ಅದು ಕಿಟ್ಟ ಕಣಪ್ಪಾ. ಈ ಹೊಲಕ್ಕೆ ನಮ್ಮಪ್ಪನ ಕಾಲದಿಂದ ಕಿಟ್ಟದ ಹೊಲ ಅಂತಾರೆ." ಕಿಟ್ಟ ಅಂದರೆ ಕಬ್ಬಿಣ ಕರಗಿಸುವಾಗ ಕುಲುಮೆಯಲ್ಲಿ ಉಳಿಯುವ ಕಸ. ನಾನು ನಕ್ಕೆ. ಕಿಟ್ಟದೊಳಗೆ ಹೊಳೆಯೋ ಲೋಹ ಎಲ್ಲಿಂದ ಬರಬೇಕು ಅಂದುಕೊಂಡೆ.

ಮೊದಲು ಕೆಟ್ಟಿದ್ದು ದುಡ್ಡು. ತುಮಕೂರಿನ ಚಿನ್ನ ಪರೀಕ್ಷೆಯ ಅಂಗಡಿಗೆ ಹೋಗಿ ಕ್ಯಾರೆಟ್ ಮೀಟರ್ ಮೇಲೆ ಇಡಿಸಿದೆ, 200 ರೂಪಾಯಿ. ಕಬ್ಬಿಣ ತೊಂಬತ್ತರ ಮೇಲೆ, ನಿಕಲ್ ಒಂದರ ಹತ್ತಿರ ಅಂತ ಬಂತು. ಉಲ್ಕೆಯ ಕಬ್ಬಿಣದ ಗುರುತೇ ನಿಕಲ್, ಕುಣಿದಾಡಿಬಿಟ್ಟೆ. ಆದರೆ ಆ ಯಂತ್ರ ಚಿನ್ನ ಬೆಳ್ಳಿಗೆ ಮಾಡಿದ್ದು. ಕಲ್ಲಿನ ಸಿಲಿಕಾನ್, ಆಕ್ಸಿಜನ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಕಂಡಷ್ಟನ್ನೇ ನೂರಕ್ಕೆ ಹೊಂದಿಸಿ ತೋರಿಸುತ್ತದೆ. ಇದು ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಆಮೇಲೆ ಒಂದು ಖಾಸಗಿ ಲ್ಯಾಬ್‌ಗೆ 4,500 ಕಟ್ಟಿ ಪುಡಿ ಕೊಟ್ಟೆ. ಹತ್ತು ಆಕ್ಸೈಡ್‌ಗಳ ಪಟ್ಟಿ ಬಂತು, ಅದರಲ್ಲಿ ನಿಕಲ್ ಇಲ್ಲವೇ ಇಲ್ಲ. ಕೇಳಿದರೆ, ನೀವು ತಗೊಂಡ ಪ್ಯಾಕೇಜಲ್ಲಿ ಅದು ಬರಲ್ಲ ಅಂದರು. ತಪ್ಪು ನನ್ನದೇ. ಏನು ಬೇಕು ಅಂತ ಕೇಳದೆ ದುಡ್ಡು ಕಟ್ಟಿದ್ದೆ.

ನಡುವೆ ಒಬ್ಬ ಬ್ರೋಕರ್ ಬೇರೆ ಗಂಟುಬಿದ್ದ. ರೈಸ್ ಪುಲ್ಲರ್ ಗಿರಾಕಿ, ಅಂದರೆ ಅಕ್ಕಿ ಎಳೆಯುವ ಲೋಹ ಅಂತ ನಂಬಿಸಿ ದುಡ್ಡು ಕೀಳುವವ. ಅಕ್ಕಿ ಎಳೆದರೆ ಕೋಟಿ, ಟೆಸ್ಟಿಂಗ್‌ಗೆ ಐವತ್ತು ಸಾವಿರ ಅಂದ. ಅಡ್ವಾನ್ಸ್ ಅಂತ 2,000 ಕೊಟ್ಟೆ ಅನ್ನೋದು ನನ್ನ ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ. ಈ ಜನ ಬಂದರೆ ಬಾಗಿಲು ಹಾಕಿಕೊಳ್ಳಿ.

ಇನ್ನು ಮೇಲ್‌ಗಳು. ಕಾಲೇಜು, ಸಂಸ್ಥೆ, ಪ್ರೊಫೆಸರ್ ಅಂತ ಹದಿನಾಲ್ಕು ಮೇಲ್ ಬರೆದೆ. ಪ್ರತಿಯೊಂದಕ್ಕೂ ಮೂವತ್ತು ನಲವತ್ತು ಫೋಟೋ. ಉತ್ತರ ಬಂದದ್ದು ಎರಡು. ಎರಡರಲ್ಲೂ ಒಂದೇ ಸಾಲು: ಇದು ಕಿಟ್ಟದ ಥರ ಕಾಣುತ್ತೆ. ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಅವರಿಗೆ ವಾರಕ್ಕೊಬ್ಬ ನನ್ನಂಥವನು ಬರೆಯುತ್ತಿರುತ್ತಾನೆ. ಕಲ್ಲು ಕೊಯ್ದು, ಪಾಲಿಶ್ ಮಾಡಿ ನೋಡುವ ಪುರುಸೊತ್ತು ಯಾರಿಗಿದೆ? ಅಲ್ಲಿಗೆ ದಾರಿ ಹೊಳೆಯಿತು. ಅವರ ಅರ್ಧ ಕೆಲಸ ನಾನೇ ಮಾಡಿ ಕೊಟ್ಟರೆ? ಇಡೀ ಕಲ್ಲು ಬೇಡ. ಯಂತ್ರದೊಳಗೆ ನೇರವಾಗಿ ಇಡಬಹುದಾದ ಒಂದು ಬಿಲ್ಲೆ, ಜೊತೆಗೆ ಒಂದು ಪುಟದ ಕಾಗದ. ಗೆಳೆಯರು ನಕ್ಕಿದ್ದು ಇದಕ್ಕೇ. ಲೇತ್‌ನವನು ಮೈಕ್ರೋಪ್ರೋಬ್‌ಗೆ ಬಿಲ್ಲೆ ಮಾಡ್ತಾನಂತೆ ಅಂತ.

ಮೊದಲು ಮನೆಯಲ್ಲೇ ನಿಕಲ್ ನೋಡಬೇಕಿತ್ತು. ಡೈಮಿಥೈಲ್‌ಗ್ಲೈಆಕ್ಸಿಮ್ ಅನ್ನೋ ಕೆಮಿಕಲ್ ಮತ್ತು ಅಮೋನಿಯಾ, ನಿಕಲ್ ಸಿಕ್ಕರೆ ಕೆಂಪಾಗುತ್ತದೆ. ಹತ್ತಿಗೆ ಹಾಕಿ ಉಜ್ಜಿದೆ, ಕೆಂಪು ಬಂತು! ಇನ್ನೇನು ಬೇಕು? ಆದರೆ ಅಂಗಡಿಯವನ ಬುದ್ಧಿ ನೋಡಿ, ಸುಮ್ನೆ ಪಕ್ಕದಲ್ಲಿ ಬಿದ್ದಿದ್ದ ಎಂಎಸ್ (ಮಾಮೂಲಿ ಮೆದು ಉಕ್ಕು) ರಾಡಿಗೂ ಉಜ್ಜಿದೆ. ಅದೂ ಕೆಂಪು. ಗೇಟಿಗೆ ಬೆಸುಗೆ ಹಾಕುವ ರಾಡಿನಲ್ಲಿ ನಿಕಲ್ ಎಲ್ಲಿಂದ ಬರಬೇಕು! ಫೆರಸ್ ಕಬ್ಬಿಣವೂ ಇದರ ಜೊತೆ ಕೆಂಪಾಗುತ್ತದೆ, ನಮ್ಮಲ್ಲಿ ಎಷ್ಟೋ ಜನ ಮೋಸ ಹೋಗೋದು ಇಲ್ಲೇ. ಲೋಹದ ಅರದ ಪುಡಿಯನ್ನು ಆಸಿಡ್‌ನಲ್ಲಿ ಕರಗಿಸಿ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ನಿಂಬೆ ಉಪ್ಪು ಸೇರಿಸಿ ಕಬ್ಬಿಣವನ್ನು ಕಟ್ಟಿಹಾಕಬೇಕು. ಆಮೇಲೆ ಅಮೋನಿಯಾ, ಕೊನೆಗೆ ಡೈಮಿಥೈಲ್. ಎಷ್ಟೆಷ್ಟು ಹನಿ ಅನ್ನೋದು ನನ್ನ ಹತ್ತಿರವೇ ಇರಲಿ, ಹನ್ನೊಂದು ಸಲ ಕೆಡಿಸಿ ಕಲಿತದ್ದು. ಬಾಗಿಲು ತೆರೆದಿಟ್ಟು, ಕನ್ನಡಕ ಹಾಕಿಕೊಂಡು ಮಾಡಿ ಅಂತ ಮಾತ್ರ ಹೇಳುತ್ತೇನೆ.

ಹೋಲಿಕೆಗೆ ಅಂತ ಒಬ್ಬ ಹಳೇ ಸಂಗ್ರಹಕಾರರಿಂದ ಅರ್ಜೆಂಟೀನಾದ ಕ್ಯಾಂಪೊ ಡೆಲ್ ಸಿಯೆಲೊ ಉಲ್ಕೆಯ ಪುಟ್ಟ ಚೂರು ಕೊಂಡೆ, 3,500 ರೂಪಾಯಿ. ಅದರಲ್ಲಿ ನಿಕಲ್ 6.7 ಶೇಕಡಾ ಹತ್ತಿರ. ಹೊಸ ಕ್ರಮದಲ್ಲಿ ಅದರ ಪುಡಿ ಮದುವೆ ಸೀರೆಯ ಗುಲಾಬಿ ಬಣ್ಣಕ್ಕೆ ತಿರುಗಿತು. ರಾಡು ತಿರುಗಲಿಲ್ಲ. ನನ್ನ ಕಲ್ಲು? ಅದೂ ತಿರುಗಲಿಲ್ಲ. ಮೂರು ಸಲ ಮಾಡಿದೆ.

ಆ ವಾರ ಬೇಜಾರಿನಲ್ಲಿ ಮನೆಯ ಚಮಚ, ಲೋಟ, ತಟ್ಟೆಗಳಿಗೆಲ್ಲ ಪರೀಕ್ಷೆ ಹಚ್ಚಿದೆ. ಅತ್ತೆ ಕೊಟ್ಟ ಹಳೇ ತಪ್ಪಲೆ ಚೆನ್ನಾಗಿ ಗುಲಾಬಿಯಾಯಿತು. ಸಂತೆಯಲ್ಲಿ ಕೊಂಡ ಡಜನ್ ಚಮಚ ಅಷ್ಟಕ್ಕಷ್ಟೇ. 1980ರ ದಶಕದ ಒಂದು ರೂಪಾಯಿ ನಾಣ್ಯದಲ್ಲಿ ತಾಮ್ರ ಮುಕ್ಕಾಲು, ನಿಕಲ್ ಕಾಲು. ನೀಲಿ ನೀರಿನ ನಡುವೆ ಗುಲಾಬಿ ಹಿಟ್ಟು ತೇಲುವುದನ್ನು ನೋಡಲು ಮಕ್ಕಳು ಸಾಲು ನಿಂತರು. ಇನ್ನೊಂದು ಪಾಠವೂ ಇದೇ ಹೊತ್ತಲ್ಲಿ ಸಿಕ್ಕಿತು. ಆ ಜೋರು ನಿಯೋಡಿಮಿಯಂ ಮ್ಯಾಗ್ನೆಟ್ ಇದೆಯಲ್ಲ, ನಿಜವಾದ ಉಲ್ಕೆಗೆ ಅದನ್ನು ಅಂಟಿಸಿದರೆ ಕಲ್ಲಿನೊಳಗಿನ ಹಳೇ ಕಾಂತ ನೆನಪು ಅಳಿಸಿಹೋಗುತ್ತದೆ. ಈಗ ನಾನು ದಿಕ್ಸೂಚಿ ಮುಳ್ಳು ಅಲ್ಲಾಡುತ್ತಾ ಅಂತ ಮಾತ್ರ ನೋಡುತ್ತೇನೆ.

ನಿಕಲ್ ಇಲ್ಲ ಅಂದಮೇಲೆ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ನನ್ನ ಬಚ್ಚಲುಮನೆ ಕೆಮಿಸ್ಟ್ರಿ ಸರಿಯೋ ತಪ್ಪೋ ಅಂತ ಲ್ಯಾಬೇ ಹೇಳಲಿ ಅಂತ ಹಟ ಬಂತು.

ಬಿಲ್ಲೆ ಮಾಡೋದು ಸಲೀಸಲ್ಲ. ಟೈಲ್ಸ್ ಕಟರ್‌ನಲ್ಲಿ ನೀರು ಬಿಟ್ಟು ಕೊಯ್ದ ಮೊದಲ ಎರಡು ಹೋಳು ಬೆಳಗಾಗುವಷ್ಟರಲ್ಲಿ ತುಕ್ಕು. ಮೂರನೆಯದನ್ನು ಕೊಯ್ದ ತಕ್ಷಣ ಸ್ಪಿರಿಟ್‌ನಲ್ಲಿ ಅದ್ದಿ ಬಲ್ಬಿನ ಕೆಳಗೆ ಒಣಗಿಸಿದೆ. ಒಂದಿಂಚು ಪಿವಿಸಿ ಪೈಪಿನ ಉಂಗುರದಲ್ಲಿಟ್ಟು ಐದು ನಿಮಿಷದ ಗಮ್ ಸುರಿದೆ. ಗುಳ್ಳೆಯೋ ಗುಳ್ಳೆ, ಉಜ್ಜುವಾಗ ಮೆತ್ತಗೆ ಎದ್ದು ಬಂತು. ನಿಧಾನ ಗಟ್ಟಿಯಾಗುವ ಎಪಾಕ್ಸಿಯೇ ಬೇಕು. ಆಮೇಲೆ 220ರಿಂದ 2000ರವರೆಗೆ ಎಮೆರಿ ಕಾಗದ, ಪ್ರತಿ ಸಲ ತೊಳೆದು, ದಿಕ್ಕು ತಿರುಗಿಸಿ. ಕೊನೆಗೆ ಒಂದು ಮೈಕ್ರಾನ್ ಡೈಮಂಡ್ ಪೇಸ್ಟ್. ಯಾವ ಬಟ್ಟೆ ಮೇಲೆ ಅಂತ ಕೇಳಬೇಡಿ, ಅದು ನಮ್ಮಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದು. ಎಪಾಕ್ಸಿ, ಕಾಗದ, ಪೇಸ್ಟ್‌ಗೆ ನಾಲ್ಕು ಸಾವಿರ, ಎರಡು ಬ್ಲೇಡಿಗೆ ಸಾವಿರದೆಂಟುನೂರು, ಕೆಮಿಕಲ್‌ಗೂ ಅಷ್ಟೇ. ನಾಲ್ಕನೇ ಬಿಲ್ಲೆಯಲ್ಲಿ ಮುಖ ಕಾಣಿಸಿತು.

ಹಳೇ ಮೈಕ್ರೋಸ್ಕೋಪ್ ಕೆಳಗೆ ನೋಡಿದಾಗಲೇ ಎದೆ ಧಸಕ್ಕೆಂದಿತು. ಲೋಹದ ಕಣಗಳು ದುಂಡಗೆ, ಹನಿ ಹನಿಯಾಗಿ. ಕಾಂಡ್ರೈಟ್‌ನಲ್ಲಿ ಲೋಹ ಹರಿದ ಕಾಗದದ ಥರ ಅಡ್ಡಾದಿಡ್ಡಿ ಇರಬೇಕು. ಹನಿ ಅಂದರೆ ಕರಗಿ ಹರಿದದ್ದು.

ಕಾಗದದಲ್ಲಿ ಹೀಗೆ ಬರೆದೆ. ಸಿಕ್ಕಿದ ಊರು, ತೂಕ, ಸಾಂದ್ರತೆ, ಒರೆಯ ಬಣ್ಣ. ಅಳತೆಪಟ್ಟಿ ಇಟ್ಟು ತೆಗೆದ ಒಂದೇ ಫೋಟೋ. ನಿಕಲ್ ಪರೀಕ್ಷೆಯ ಜೊತೆ ರಾಡು ಮತ್ತು ಕ್ಯಾಂಪೊ ಚೂರಿನ ಫಲ. ನನ್ನ ಊಹೆ: ಕಿಟ್ಟ. ಕೇಳಿದ್ದು: ಲೋಹದಲ್ಲಿ ಮೂರು, ಕಲ್ಲಿನ ಭಾಗದಲ್ಲಿ ಮೂರು ಬಿಂದು ಅಳೆಯಿರಿ, ಶುಲ್ಕ ಕಟ್ಟುತ್ತೇನೆ, ಸರ್ಟಿಫಿಕೇಟ್ ಬೇಡ, ಬೆಲೆಯೂ ಬೇಡ. ಮೂರು ಕಡೆ ಕಳಿಸಿದೆ. ಬೆಂಗಳೂರಿನ ಒಂದು ಲ್ಯಾಬ್‌ನಿಂದ ನಾಲ್ಕನೇ ದಿನಕ್ಕೆ ಫೋನ್ ಬಂತು. "ಬಿಲ್ಲೆ ಯಾರು ಮಾಡಿದ್ದು?" ಅಂತಲೇ ಮೊದಲು ಕೇಳಿದರು. ನಾನೇ ಸರ್ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಮೌನಕ್ಕೆ ನಾನು ಇನ್ನೊಂದು ಹತ್ತು ಸಾವಿರ ಬೇಕಾದರೂ ಕೊಡುತ್ತಿದ್ದೆ. ಜಿಎಸ್‌ಟಿ ಸೇರಿ 10,600 ಆಯಿತು. ಬಸ್ಸು ಊಟ ಅಂತ ಆರು ಓಡಾಟಕ್ಕೆ ಎರಡೂವರೆ ಸಾವಿರ ಬೇರೆ.

ವರದಿ: ಲೋಹದಲ್ಲಿ ನಿಕಲ್ ಯಂತ್ರಕ್ಕೆ ಸಿಗುವಷ್ಟೂ ಇಲ್ಲ. ಉಲ್ಕೆಯ ಕಬ್ಬಿಣವಾದರೆ ಸಾಮಾನ್ಯವಾಗಿ ಐದು ಶೇಕಡಾ ಆದರೂ ಇರಬೇಕು. ಕಲ್ಲಿನ ಭಾಗದ ಆಲಿವಿನ್ ಖನಿಜ ಬಹುಪಾಲು ಶುದ್ಧ ಫಯಲೈಟ್ (ಅದರ ಕಬ್ಬಿಣದ ರೂಪ), ಶೇಕಡಾ 95ರ ಮೇಲೆ. ಸಾಮಾನ್ಯ ಕಾಂಡ್ರೈಟ್‌ಗಳಲ್ಲಿ ಅದು ಶೇಕಡಾ 16ರಿಂದ 32ರ ಒಳಗೆ. ಜೊತೆಗೆ ವುಸ್ಟೈಟ್ ಅನ್ನೋ ಕಬ್ಬಿಣದ ಆಕ್ಸೈಡ್. ಹಳೇ ಕಾಲದ ಕುಲುಮೆಯ ಕಿಟ್ಟ, ಅನುಮಾನವೇ ಇಲ್ಲ. ನನ್ನ ಮನೆ ಪರೀಕ್ಷೆ ಹೇಳಿದ್ದೂ ಅದೇ.

ನಮ್ಮ ಸೀಮೆಗೆ ಇದು ಹೊಸದಲ್ಲ. 1800-01ರಲ್ಲಿ ಮೈಸೂರು ದೇಶ ಸುತ್ತಿದ ಫ್ರಾನ್ಸಿಸ್ ಬುಕನನ್ ಮಧುಗಿರಿ ಕಡೆ ಕಬ್ಬಿಣ, ಉಕ್ಕು ತೆಗೆಯುವುದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹಳೇ ಕುಲುಮೆಗಳಲ್ಲಿ ಸ್ವಲ್ಪ ಕಬ್ಬಿಣ ಕಿಟ್ಟದಲ್ಲೇ ಹನಿಯಾಗಿ ಉಳಿದುಬಿಡುತ್ತಿತ್ತು. ನನ್ನ ವಿಂಡೋದಲ್ಲಿ ಮಿಣುಗಿದ್ದು ಅದು.

ನಕ್ಕವರಲ್ಲಿ ಇಬ್ಬರು ಈಗ ಬಿಲ್ಲೆ ಮಾಡಿಕೊಡು ಅಂತ ಬಂದಿದ್ದಾರೆ. ಒಬ್ಬನದು ಒರೆಗಲ್ಲಿನಲ್ಲೇ ಮುಗಿಯಿತು, ಕೆಂಪು. ಇನ್ನೊಬ್ಬನ ಕಲ್ಲಿನಲ್ಲಿ ಲೋಹ ದುಂಡಗಿಲ್ಲ. ಪುಡಿ ಗುಲಾಬಿಯಾಯಿತು. ಎರಡು ಸಲ. ಅದರ ಬಿಲ್ಲೆ ಲ್ಯಾಬ್‌ಗೆ ಹೋಗಿದೆ. ಉಲ್ಕೆ ಅಂತ ಬಂದರೆ ಜಿಯಾಲಾಜಿಕಲ್ ಸರ್ವೆಗೆ ತಿಳಿಸಬೇಕು, ನಮ್ಮ ದೇಶದ ಉಲ್ಕೆಗಳನ್ನು ಕಾಯುವವರು ಅವರೇ ಅಂತ ಅವನಿಗೆ ಈಗಲೇ ಹೇಳಿಟ್ಟಿದ್ದೇನೆ. ಮುಖ ಸಣ್ಣ ಮಾಡಿಕೊಂಡ.

ಹೋದ ತಿಂಗಳು ಹೊಲದ ಅಜ್ಜನಿಗೆ ವರದಿ ತೋರಿಸಲು ಹೋದೆ. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಏನು ಬರೆದವ್ರೆ?" ಅಂದರು. ಕಿಟ್ಟ ಅಂತ ಬರೆದವ್ರೆ ಅಜ್ಜಾ ಅಂದೆ. "ಎಷ್ಟಾಯ್ತು ಖರ್ಚು?" ಅಂತ ಕೇಳಿದರು. ಐದು ಸಾವಿರ ಅಂದೆ. ಅದಕ್ಕೇ ಅಜ್ಜ ತಲೆ ಮೇಲೆ ಕೈ ಹೊತ್ತು ಕೂತರು.