ಚಕ್ರ ಸೇರಿ 55: ಕ್ಯಾಬಿನ್ ಬ್ಯಾಗ್ ಹುಡುಕಿದ ನನ್ನ ಅನುಭವ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕಟ್ಟಡದ ಕೆಳಗೆ ಒಬ್ಬ ರದ್ದಿವಾಲಾ ಇದ್ದಾನೆ. ಹಳೆ ಪೇಪರು, ಬಾಟಲಿ, ತಗಡು ತೂಗುವವನು. ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ಖಾಲಿ ಸೂಟ್‌ಕೇಸ್ ಹಿಡಿದುಕೊಂಡು ಅವನ ಮುಂದೆ ನಿಂತೆ. ಮಾರೋಕೆ ಬಂದಿದ್ದೇನೆ ಅಂದುಕೊಂಡು ಚಕ್ರ ತಿರುಗಿಸಿ ನೋಡಿದ. ಮಾರಲ್ಲ, ಸುಮ್ನೆ ತೂಗಿಕೊಡು ಅಂದೆ. ಕಾಟಾದ ಮೇಲಿಟ್ಟ. 3 ಕೆಜಿ 400 ಗ್ರಾಂ.

ಒಳಗೆ ಒಂದು ಕರವಸ್ತ್ರವೂ ಇರಲಿಲ್ಲ. ವಿಮಾನದಲ್ಲಿ ಕೈಯಲ್ಲಿ ಒಯ್ಯಲು ಬಿಡುವುದೇ 7 ಕೆಜಿ. ಅದರ ಅರ್ಧವನ್ನು ಈ ಪೆಟ್ಟಿಗೆಯೇ ತಿನ್ನುತ್ತಿತ್ತು. ನಾಲ್ಕು ವರ್ಷದಿಂದ ಅದನ್ನು ಹೊತ್ತು ತಿರುಗುತ್ತಿದ್ದೆ. ಒಮ್ಮೆಯೂ ಖಾಲಿಯಾಗಿ ತೂಗಿ ನೋಡಿರಲಿಲ್ಲ.

ತೂಗುವ ಬುದ್ಧಿ ಬಂದದ್ದು ಅದರ ಹಿಂದಿನ ವಾರ. ನನ್ನ ಊರು ಕುಂದಾಪುರ. ಅಲ್ಲಿ ಅಮ್ಮ ಒಬ್ಬರೇ ಇದ್ದಾರೆ, ಹಾಗಾಗಿ ಎರಡು ತಿಂಗಳಿಗೊಮ್ಮೆ ಹೋಗಿಬರುತ್ತೇನೆ. ಮೊದಲೆಲ್ಲ ಮತ್ಸ್ಯಗಂಧ ಎಕ್ಸ್‌ಪ್ರೆಸ್. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ಶುರುವಾದ ಮೇಲೆ ಮುಂಬೈಯಲ್ಲಿರುವ ನಮ್ಮ ಕಡೆಯವರಿಗೆ ರೈಲು ಅಂದರೆ ಅದೇ. ಅಲ್ಲಿ ಬ್ಯಾಗಿನ ಉದ್ದ ಅಗಲ ಯಾರಿಗೆ ಬೇಕು? ಸೀಟಿನ ಕೆಳಗೆ ಒದ್ದು ತುರುಕಿದರೆ ಆಯಿತು. ಆಮೇಲೆ ಆಫೀಸಿನಲ್ಲಿ ರಜೆ ಸಿಗುವುದು ಕಮ್ಮಿಯಾಯಿತು, ಮಂಗಳೂರಿಗೆ ವಿಮಾನ ಹಿಡಿಯುವುದು ಅಭ್ಯಾಸವಾಯಿತು. ಬಜಪೆಯಲ್ಲಿ ಇಳಿದು ಬಸ್ಸು ಹಿಡಿಯಬೇಕು. ಸಾಮಾನು ಬರುವ ಬೆಲ್ಟಿನ ಮುಂದೆ ಅರ್ಧ ಗಂಟೆ ನಿಂತರೆ ಒಂದು ಬಸ್ಸು ತಪ್ಪಿತು ಅಂತಲೇ ಲೆಕ್ಕ. ಅದಕ್ಕೇ ಕೈಬ್ಯಾಗ್ ಮಾತ್ರ ಒಯ್ಯುವುದು.

ಅವತ್ತು ಬೋರ್ಡಿಂಗ್ ಗೇಟಿನ ಹತ್ತಿರ ವಿಮಾನ ಕಂಪನಿಯ ಹುಡುಗಿಯೊಬ್ಬಳು ಕಬ್ಬಿಣದ ಚೌಕಟ್ಟು ತೋರಿಸಿ, ಬ್ಯಾಗ್ ಇದರೊಳಗೆ ಇಡಿ ಸರ್ ಅಂದಳು. ಇಟ್ಟೆ. ಚಕ್ರದ ಹತ್ತಿರ ಸಿಕ್ಕಿಕೊಂಡಿತು. ತಿರುಗಿಸಿ ಇಟ್ಟರೆ ಹಿಡಿಕೆ ಮೇಲೆ ಎದ್ದು ನಿಂತಿತು. ಹಿಂದೆ ಸಾಲು ನೋಡುತ್ತಿದೆ. ಇದು 55 ಸೆಂ.ಮೀ. ಬ್ಯಾಗು, ಕ್ಯಾಬಿನ್ ಸೈಜ್ ಅಂತ ಲೇಬಲ್‌ನಲ್ಲೇ ಇತ್ತು ಅಂದೆ. ಅವಳು ವಾದ ಮಾಡಲಿಲ್ಲ. ಚೌಕಟ್ಟಿನ ಕಡೆ ಕೈ ತೋರಿಸಿದಳು, ಅಷ್ಟೇ. ದುಡ್ಡು ಕಟ್ಟಿ ಬ್ಯಾಗ್ ಕೆಳಗೆ ಕಳಿಸಿದೆ. ಅಮ್ಮನಿಗೆ ಒಂದು ಒಳ್ಳೆ ಸೀರೆ ಬರುತ್ತಿತ್ತು ಆ ದುಡ್ಡಿಗೆ.

ಸಿಟ್ಟು ಬಂದದ್ದು ನಿಜ. ಆದರೆ ಮನೆಗೆ ಬಂದು ಅಳೆದರೆ ಅವಳು ಹೇಳಿದ್ದೇ ಸರಿ. ಗೋಡೆಗೆ ಬ್ಯಾಗ್ ತಾಗಿಸಿ ನಿಲ್ಲಿಸಿದೆ. ಮೇಲೆ ಒಂದು ದಪ್ಪ ಪುಸ್ತಕ ಅಡ್ಡ ಇಟ್ಟು ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದೆ. ಮಕ್ಕಳ ಎತ್ತರ ಗುರುತು ಹಾಕುತ್ತೇವಲ್ಲ, ಹಾಗೆ. ನೆಲದಿಂದ ಗೆರೆಗೆ 59.5 ಸೆಂ.ಮೀ. ಬಂತು. ಲೇಬಲ್‌ನ 55 ಬರೀ ಪೆಟ್ಟಿಗೆಯದ್ದು. ಕೆಳಗಿನ ಚಕ್ರ, ಮೇಲಿನ ಹಿಡಿಕೆ ಅದರಲ್ಲಿ ಸೇರಿಲ್ಲ. ವಿಮಾನ ಕಂಪನಿಗಳಿಗೆ ಚಕ್ರ, ಹಿಡಿಕೆ, ಹೊರಗಿನ ಜೇಬು ಎಲ್ಲವೂ ಬ್ಯಾಗೇ. ಪುಸ್ತಕ ಇಡುವ ಉಪಾಯ ಮರೆಯಬೇಡಿ. ಹೆಂಡತಿಯ ಹೊಲಿಗೆ ಟೇಪ್‌ನಲ್ಲಿ ಮೊದಲು ಅಳೆದಾಗ ಅದು ಬ್ಯಾಗಿನ ಮೈಗೆ ಅಂಟಿಕೊಂಡು ಬಳುಕಿ, ಏನೇನೋ ಲೆಕ್ಕ ಕೊಟ್ಟಿತ್ತು.

ಆ ರಾತ್ರಿ ಕೂತು ನಿಯಮ ಓದಿದೆ. ನಮ್ಮಲ್ಲಿ ಎಲ್ಲರ ಬಾಯಲ್ಲೂ 115 ಅಂತ ಒಂದು ಅಂಕಿ ಇರುತ್ತದೆ. ಉದ್ದ, ಅಗಲ, ದಪ್ಪ ಮೂರನ್ನೂ ಕೂಡಿಸಿದರೆ 115 ಸೆಂ.ಮೀ. ದಾಟಬಾರದು ಅಂತ. ಇಂಚಿನಲ್ಲಿ ಹೇಳಿದರೆ ಸುಮಾರು 45. ನಾನೂ ಅಷ್ಟೇ ಸಾಕು ಅಂದುಕೊಂಡಿದ್ದೆ. ಆದರೆ ಗೇಟಿನಲ್ಲಿ ಕೂಡಿಸುವ ಲೆಕ್ಕ ಯಾರೂ ಮಾಡುವುದಿಲ್ಲ, ಚೌಕಟ್ಟು ಇಟ್ಟಿರುತ್ತಾರೆ. ಅದರ ಆಕಾರ ಕಂಪನಿಯಿಂದ ಕಂಪನಿಗೆ ಬೇರೆ. ಇಂಡಿಗೋ ಹೇಳುವುದು 55, 35, 25. ಆಕಾಸಾದ್ದೂ ಅದೇ. ಏರ್ ಇಂಡಿಯಾದ್ದು 55, 40, 20. ತಂಗಿ ದುಬೈಯಲ್ಲಿರುವುದರಿಂದ ಎಮಿರೇಟ್ಸ್ ಕೂಡ ನೋಡಿದೆ: 55, 38, 22. ಕೂಡಿಸಿ ನೋಡಿ, ಎಲ್ಲವೂ 115. ಆದರೆ ಇಂಡಿಗೋಗೆ ಸರಿಯಾಗಿ ಹೊಂದುವ 25 ದಪ್ಪದ ಬ್ಯಾಗು ಏರ್ ಇಂಡಿಯಾದ ಅಳತೆಯಲ್ಲಿ 5 ಸೆಂ.ಮೀ. ಜಾಸ್ತಿ. 40 ಅಗಲದ್ದು ತೆಗೆದುಕೊಂಡರೆ ಇಂಡಿಗೋದಲ್ಲಿ 5 ಜಾಸ್ತಿ. ಅಂಗಡಿಗಳಲ್ಲಿ ಬೇಕಾದಷ್ಟು ಕಾಣುವ 55, 40, 25 ಅಳತೆಯ ಬ್ಯಾಗಂತೂ ಒಟ್ಟು 120 ಆಗಿ ಇಬ್ಬರಿಗೂ ಬೇಡವಾದದ್ದು.

ನಾನು ಒಂದೇ ಕಂಪನಿಗೆ ನಿಷ್ಠೆ ಇಟ್ಟವನಲ್ಲ. ಅವತ್ತು ಯಾವುದು ಅಗ್ಗವೋ ಅದು. ಹಾಗಾಗಿ ಪ್ರತಿ ಸಾಲಿನಿಂದಲೂ ಚಿಕ್ಕ ಅಂಕಿಯನ್ನೇ ಆರಿಸಿದೆ. 55, 35, 20. ಇದು ಈ ಎಲ್ಲ ಚೌಕಟ್ಟಿಗೂ ಇಳಿಯುತ್ತದೆ. ಲುಫ್ತಾನ್ಸಾದ 55, 40, 23ಕ್ಕೂ, ಅಮೆರಿಕದ ಹಲವು ಕಂಪನಿಗಳ 22, 14, 9 ಇಂಚಿಗೂ. ಒಟ್ಟು 110 ಆಗುತ್ತದೆ. 5 ಸೆಂ.ಮೀ. ಬಿಟ್ಟುಕೊಟ್ಟ ಹಾಗೆ. ಬಿಡಿ, ಹೋಗಲಿ.

ಮುಂದಿನ ಕೆಲಸಕ್ಕೆ ನನ್ನ ಮಗಳು ನಕ್ಕು ನಕ್ಕು ಸುಸ್ತಾದಳು. ಫ್ರಿಜ್ ಬಂದಿದ್ದ ರಟ್ಟಿನ ಡಬ್ಬದಿಂದ ಒಂದು ಹಾಳೆ ಕತ್ತರಿಸಿ, ಅದರ ನಡುವೆ 35 ಅಗಲ, 20 ಎತ್ತರದ ಕಿಂಡಿ ಕೊರೆದೆ. ಬ್ಯಾಗಿನ ತಲೆಯಿಂದ ತೊಡಿಸಿ ಚಕ್ರದವರೆಗೆ ಇಳಿಸಿದರೆ ಎರಡು ಅಳತೆ ಒಟ್ಟಿಗೇ ಗೊತ್ತಾಗುತ್ತದೆ. ಎಲ್ಲಿ ಸಿಕ್ಕಿಬೀಳುತ್ತದೋ ಅಲ್ಲೇ ಅದರ ದೋಷ. ಉದ್ದಕ್ಕೆ ಬಡಗಿಯ ಸ್ಟೀಲ್ ಟೇಪು. ಇಷ್ಟನ್ನು ಹಿಡಿದುಕೊಂಡು ಲೋಕಲ್‌ನಲ್ಲಿ ಸಿಎಸ್‌ಎಂಟಿಗೆ ಹೋದೆ, ಅಲ್ಲಿಂದ ನಡೆದು ಕ್ರಾಫರ್ಡ್ ಮಾರ್ಕೆಟ್ ಕಡೆಗೆ.

"ಸಾಬ್, ಸಬ್ ಏರ್‌ಲೈನ್ ಮೇ ಚಲ್ತಾ ಹೈ" ಅನ್ನುವುದು ಮೊದಲ ಅಂಗಡಿಯವನ ಮಾತು, ಅಂದರೆ ಎಲ್ಲ ವಿಮಾನದಲ್ಲೂ ನಡೆಯುತ್ತದೆ ಅಂತ. ಎರಡನೆಯವನದ್ದೂ ಅದೇ. ಅವರನ್ನು ಬೈದು ಪ್ರಯೋಜನವಿಲ್ಲ. ಅವರು ಕಂಪನಿ ಲೇಬಲ್ ಓದುತ್ತಾರೆ, ಲೇಬಲ್ ಪೆಟ್ಟಿಗೆಯನ್ನಷ್ಟೇ ಅಳೆದಿರುತ್ತದೆ. ಇಲ್ಲಿ ಇನ್ನೊಂದು ಗೋಜಲಿದೆ. ಅಂಗಡಿಯಲ್ಲಿ ಇಂಚಿನ ಭಾಷೆ. 20, 24, 28 ಅಂತ. 20 ಇಂಚು ಅಂದರೆ 50.8 ಸೆಂ.ಮೀ., ಚಕ್ರ ಹಿಡಿಕೆಗೆ ನಾಲ್ಕು ಸೇರಿಸಿದರೂ 55ರ ಒಳಗೇ. 22 ಇಂಚಿನದನ್ನೂ ಕ್ಯಾಬಿನ್ ಬ್ಯಾಗ್ ಅಂತಲೇ ಕೊಡುತ್ತಾರೆ, ಅದು ಪೆಟ್ಟಿಗೆಯಲ್ಲೇ 55.9. ಚಕ್ರಕ್ಕೆ ಜಾಗವೆಲ್ಲಿ?

ಹನ್ನೊಂದು ಬ್ಯಾಗಿಗೆ ರಟ್ಟು ತೊಡಿಸಿದೆ. ಮೂರು ಮಾತ್ರ ಪಾಸಾದವು. ಉಳಿದವು ಸಿಕ್ಕಿಬಿದ್ದ ಜಾಗ ನೋಡಿದರೆ ಮಜಾ. ಎರಡರಲ್ಲಿ ಪಕ್ಕದ ಹಿಡಿಕೆ. ಒಂದರಲ್ಲಿ, ಮಲಗಿಸಿದಾಗ ನೆಲಕ್ಕೆ ತಾಗಬಾರದು ಅಂತ ಹಾಕಿದ ನಾಲ್ಕು ಪ್ಲಾಸ್ಟಿಕ್ ಗುಂಡಿ. ಮಿಕ್ಕವಕ್ಕೆಲ್ಲ ದಪ್ಪವೇ ತೊಂದರೆ. ಬಟ್ಟೆಯ ಬ್ಯಾಗುಗಳು ಖಾಲಿ ಇದ್ದಾಗ ಸಲೀಸಾಗಿ ತೂರುತ್ತವೆ, ಅದನ್ನು ನಂಬಬಾರದು. ಅಂಗಡಿಯವನ ಹತ್ತಿರ ಹಳೆ ಪೇಪರ್ ಕೇಳಿ ಮುಂದಿನ ಜೇಬು ತುಂಬಿಸಿ ನೋಡಿದೆ. 20 ಇದ್ದದ್ದು 26 ಆಯಿತು. ಅವನ ಮುಖ ಹುಳಿಹುಳಿಯಾಯಿತು. ಪಕ್ಕದ ಅಂಗಡಿಯ ಹುಡುಗನಿಗೆ ಮಾತ್ರ ಆಟ ಇಷ್ಟವಾಗಿ, ತನ್ನ ಬ್ಯಾಗುಗಳನ್ನೂ ತಂದು ತೊಡಿಸಿಕೊಂಡು ನೋಡಿದ.

ಗಟ್ಟಿ ಚಿಪ್ಪೋ ಬಟ್ಟೆಯೋ ಅಂತ ನನಗೆ ಬಹಳ ಹೊತ್ತು ಹಿಡಿಯಿತು. ಚಿಪ್ಪಿನದು ಉಬ್ಬುವುದಿಲ್ಲ, ಅದೊಂದು ನೆಮ್ಮದಿ. ಮಳೆಗೂ ಅಂಜುವುದಿಲ್ಲ. ಹೆಬ್ಬೆರಳಿನಲ್ಲಿ ಚಿಪ್ಪಿನ ನಡುವೆ ಒತ್ತಿ ನೋಡುತ್ತಿದ್ದೆ. ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಆದರೆ ತಗ್ಗಿ ಮತ್ತೆ ಎದ್ದುಬರುತ್ತದೆ, ಎಬಿಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್ ಬಿಗಿಯಾಗಿದ್ದು ಜೋರಾಗಿ ಬಿದ್ದರೆ ಬಿರುಕು ಬಿಡುವ ಜಾತಿ. ನನಗೆ ಸರಿಬಾರದೆ ಇದ್ದದ್ದು ಅದು ತೆರೆಯುವ ರೀತಿ. ಪುಸ್ತಕದ ಹಾಗೆ ಎರಡು ಪಾಲಾಗಿ ಬಿಚ್ಚಿಕೊಳ್ಳುತ್ತದೆ. ನಮ್ಮ ಮನೆಯ ಮಲಗುವ ಕೋಣೆಯಲ್ಲಿ ಮಂಚ ಮತ್ತು ಕಪಾಟಿನ ನಡುವೆ ಅದನ್ನು ಬಿಚ್ಚಿಟ್ಟರೆ ಹೆಂಡತಿ ಅಡುಗೆಮನೆಗೆ ದಾಟಲಿಕ್ಕಾಗುವುದಿಲ್ಲ. ಅದೂ ಅಲ್ಲದೆ 20 ದಪ್ಪವನ್ನು ಎರಡು ಭಾಗ ಮಾಡಿದರೆ ಒಂದೊಂದು ಪಾಲಿಗೆ 10. ಎಳೆಯುವ ಸಲಾಕೆಗಳು ಒಳಗೆ ಹಾದುಹೋಗುವ ಪಾಲಿನಲ್ಲಿ ಅದಕ್ಕೂ ಕಮ್ಮಿ. ನನ್ನ ಆಫೀಸಿನ ಶೂ ಅದರಲ್ಲಿ ಅಡ್ಡಡ್ಡ ಮಲಗಿಸಿದರೆ ಮಾತ್ರ ಹಿಡಿಸುತ್ತದೆ. ಬಟ್ಟೆಯ ಬ್ಯಾಗಿನಲ್ಲಿ ಒಂದೇ ಆಳದ ಗುಂಡಿ, ಮುಚ್ಚಳ ತೆಗೆದರೆ ಎಲ್ಲ ಕಾಣುತ್ತದೆ.

ಚಕ್ರದ ವಿಷಯದಲ್ಲಿ ನಾನು ಹಳೆ ಕಾಲದವನು. ಈಗೆಲ್ಲ ನಾಲ್ಕು ಚಕ್ರದವೇ ಜಾಸ್ತಿ. ಟರ್ಮಿನಲ್‌ನ ನುಣುಪಾದ ನೆಲದಲ್ಲಿ ಅದರಷ್ಟು ಸುಖ ಇನ್ನಾವುದೂ ಇಲ್ಲ, ಒಪ್ಪಿದೆ. ಆದರೆ ನನ್ನ ದಾರಿ ಬೇರೆ. ಡೊಂಬಿವಲಿಯ ಪೇವರ್ ಬ್ಲಾಕ್ ಎದ್ದ ಫುಟ್‌ಪಾತ್, ಸ್ಟೇಷನ್ ಸೇತುವೆಯ ಮೆಟ್ಟಿಲು, ಘಾಟ್ಕೋಪರ್‌ವರೆಗೆ ಲೋಕಲ್, ಅಲ್ಲಿಂದ ಮೆಟ್ರೋದಲ್ಲಿ ಮರೋಳ್ ನಾಕಾ, ಅಲ್ಲಿ ಮೂರನೇ ಲೈನಿಗೆ ಬದಲಿಸಿ ಏರ್‌ಪೋರ್ಟ್. ಲೋಕಲ್ ಬ್ರೇಕ್ ಹಾಕಿದರೆ ನಾಲ್ಕು ಚಕ್ರದ ಬ್ಯಾಗು ತನ್ನಷ್ಟಕ್ಕೆ ತಾನೇ ಯಾರದ್ದೋ ಕಾಲಿಗೆ ಹೋಗಿ ಗುದ್ದುತ್ತದೆ. ಆಮೇಲೆ ಬೈಸಿಕೊಳ್ಳುವವನು ನಾನು. ಜೊತೆಗೆ ಆ ಚಕ್ರಗಳು ಪೆಟ್ಟಿಗೆಯ ಕೆಳಗೆ ಪೂರ್ತಿ ಹೊರಗಿರುತ್ತವೆ, 55ರಲ್ಲಿ ನಾಲ್ಕೈದು ಸೆಂ.ಮೀ. ಅವಕ್ಕೇ ಹೋಗುತ್ತದೆ. ಎರಡು ಚಕ್ರದ್ದರಲ್ಲಿ ಅವು ಮೂಲೆಯೊಳಗೆ ಅರ್ಧ ಹುದುಗಿರುತ್ತವೆ. ಈ ನಮೂನೆಯನ್ನು 1987ರಲ್ಲಿ ರಾಬರ್ಟ್ ಪ್ಲಾತ್ ಎಂಬ ಪೈಲಟ್ ಮಾಡಿದ್ದು, ಮೊದಲು ವಿಮಾನದ ಸಿಬ್ಬಂದಿಗೇ ಮಾರಿದ್ದು. ದಿನಾ ಹತ್ತಿ ಇಳಿಯುವವನಿಗೆ ಗೊತ್ತಿರುತ್ತದೆ, ಅಲ್ವಾ?

ನಡುವೆ ಒಂದು ಸಂಜೆ ಧಾರಾವಿಯ ಚರ್ಮದ ಅಂಗಡಿಗಳಿಗೂ ಹೋಗಿದ್ದೆ. ಒಂದು ಕಂದು ಬಣ್ಣದ ಬ್ಯಾಗು ನೋಡಿ ಮನಸ್ಸು ಅಲ್ಲೇ ಉಳಿಯಿತು. ಕೈಯಲ್ಲಿ ಎತ್ತಿದೆ. ಮೆಲ್ಲಗೆ ಕೆಳಗಿಟ್ಟೆ.

ಅಷ್ಟರಲ್ಲಿ ನನಗೆ ಒಂದು ವಿಷಯ ಗೊತ್ತಾಗಿತ್ತು. ನಮ್ಮಲ್ಲಿ ಅಳತೆಯಷ್ಟೇ ತೂಕವೂ ಕಾಡುತ್ತದೆ. ಮುನ್ನೂರು ರೂಪಾಯಿಯ ಕೊಕ್ಕೆ ತಕ್ಕಡಿ ತಂದುಕೊಂಡೆ. ರದ್ದಿವಾಲಾನ ಹತ್ತಿರ ಎಷ್ಟು ಸಲ ಹೋಗುವುದು? ಪಾಸಾದ ಮೂರನ್ನೂ ಅಂಗಡಿಯಲ್ಲೇ ನೇತುಹಾಕಿ ತೂಗಿದೆ. 2.9, 2.6, 2.1 ಕೆಜಿ. ಕೊನೆಯದು ಬಟ್ಟೆಯದು, ಎರಡು ಚಕ್ರ, ಮುಂದಿನ ಜೇಬು ಚಪ್ಪಟೆ. ಚಕ್ರ ಸೇರಿ 54 ಉದ್ದ. 2,600 ರೂಪಾಯಿ. ಅದನ್ನೇ ತಂದೆ. ಕಂಪನಿ ಯಾವುದು ಅಂತ ಆಫೀಸಿನಲ್ಲಿ ಎಲ್ಲರೂ ಕೇಳುತ್ತಾರೆ. ಹೇಳಿ ಉಪಯೋಗವಿಲ್ಲ. ಅದೇ ಕಂಪನಿಯ ಇನ್ನೊಂದು ಬ್ಯಾಗು ನನ್ನ ರಟ್ಟಿನಲ್ಲಿ ಫೇಲಾಗಿತ್ತು.

ಈಗ 7ರಲ್ಲಿ 2.1 ಕಳೆದು ನನಗೆ 4.9 ಕೆಜಿ ಉಳಿಯುತ್ತದೆ. ಮೊದಲು 3.6 ಇತ್ತು. ಆ 1.3 ಕೆಜಿ ಅಂದರೆ ಒಂದು ಜೀನ್ಸ್, ಎರಡು ಶರ್ಟು, ಟವೆಲ್ಲು. ಲ್ಯಾಪ್‌ಟಾಪ್ ಬೇರೆ ಬ್ಯಾಗಿನಲ್ಲಿ ಹೆಗಲ ಮೇಲೆ. ಇಂಡಿಗೋದಲ್ಲಿ ಅದಕ್ಕೆ 3 ಕೆಜಿವರೆಗೆ ಅವಕಾಶವಿದೆ. ಎಲ್ಲ ಕಡೆ ಹೀಗೆ ಪ್ರತ್ಯೇಕ ಲೆಕ್ಕ ಕೊಡುವುದಿಲ್ಲ, ಟಿಕೆಟ್ ತೆಗೆಯುವಾಗ ಆ ಸಾಲು ಓದಿಬಿಡಿ.

ಪವರ್ ಬ್ಯಾಂಕ್ ಮಾತ್ರ ಸೂಟ್‌ಕೇಸಿನಲ್ಲಿ ಇಡುವುದಿಲ್ಲ, ಹೆಗಲ ಬ್ಯಾಗಿನಲ್ಲೇ. ಇದನ್ನು ಕಲಿತದ್ದು ಒಮ್ಮೆ ಎಟಿಆರ್‌ನಲ್ಲಿ ಹೋದಾಗ. ಅದು ಚಿಕ್ಕ ವಿಮಾನ, ತಲೆಯ ಮೇಲಿನ ಗೂಡೂ ಚಿಕ್ಕದು. ಅಳತೆ ಸರಿ ಇದ್ದ ಬ್ಯಾಗನ್ನೂ ಮೆಟ್ಟಿಲ ಹತ್ತಿರ ತೆಗೆದುಕೊಂಡು ಚೀಟಿ ಕಟ್ಟಿ ಹೊಟ್ಟೆಗೆ ಹಾಕಿದರು. ಪವರ್ ಬ್ಯಾಂಕಿನ ಲಿಥಿಯಂ ಬ್ಯಾಟರಿ ಕೆಳಗೆ ಹೋಗಬಾರದು, ಬೆಂಕಿ ಹತ್ತಿಕೊಂಡರೆ ಅಲ್ಲಿ ನೋಡುವವರಿಲ್ಲ. ಬಿಸಿಲಲ್ಲಿ ನಿಂತು, ಹಿಂದೆ ಮೂವತ್ತು ಜನ ಕಾಯುತ್ತಿರುವಾಗ, ಒಳಚಡ್ಡಿಗಳ ನಡುವೆ ಪವರ್ ಬ್ಯಾಂಕ್ ಹುಡುಕಿದ ಅನುಭವ ಒಮ್ಮೆ ಸಾಕು. ಚಾರ್ಜ್ ಮಾಡುವ ಬ್ಯಾಟರಿ ಸೂಟ್‌ಕೇಸಿನಲ್ಲೇ ಕೂರಿಸಿದ ಸ್ಮಾರ್ಟ್ ಬ್ಯಾಗುಗಳೂ ಅಂಗಡಿಯಲ್ಲಿವೆ. ಬ್ಯಾಟರಿ ಕಳಚಲು ಬರದಿದ್ದರೆ ಅಂಥದ್ದರ ತಂಟೆಗೆ ಹೋಗಬೇಡಿ.

ಬಟ್ಟೆಯ ಬ್ಯಾಗಿನ ಬೆಲೆಯನ್ನು ತೆತ್ತದ್ದು ಜುಲೈನಲ್ಲಿ. ಘಾಟ್ಕೋಪರ್‌ನಲ್ಲಿ ಇಳಿದಾಗ ಸುರಿದ ಮಳೆಗೆ ಒಂದು ಮೂಲೆ ನೆನೆದು ಅಂಗಿ ತೊಯ್ದುಹೋಯಿತು. ಈಗ ಮಳೆಗಾಲದಲ್ಲಿ ಬಟ್ಟೆಗಳನ್ನು ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಆಮೇಲೆ ಬ್ಯಾಗಿಗೆ ತುಂಬುತ್ತೇನೆ. ಚಿಪ್ಪಿನದ್ದನ್ನೇ ಕೊಳ್ಳಬೇಕಿತ್ತಾ ಅಂತ ಅವತ್ತೊಂದು ದಿನ ಅನ್ನಿಸಿದ್ದು ಸುಳ್ಳಲ್ಲ.

ಹೋಗುವಾಗಿನ ಲೆಕ್ಕ ಸುಲಭ. ಬರುವಾಗಿನದ್ದು ಅಮ್ಮನ ಕೈಯಲ್ಲಿ. ಹೊಸ ಬ್ಯಾಗು ಮೊದಲ ಸಲ ನೋಡಿದಾಗ ಅವರು ಅದನ್ನು ಸುತ್ತು ಹಾಕಿ, "ಇದ್ರಗೆ ಎಂತ ಹಿಡಿತ್ ಮಗಾ?" ಅಂದರು. ಹಲಸಿನ ಹಪ್ಪಳದ ಕಟ್ಟು, ಮಿಡಿ ಉಪ್ಪಿನಕಾಯಿಯ ಬಾಟಲಿ, ಒಂದು ಸೇರು ಕುಚ್ಚಲಕ್ಕಿ ಪಕ್ಕದಲ್ಲಿ ಸಾಲಾಗಿ ಕೂತಿದ್ದವು. ಜಗಲಿಯ ತೊಲೆಗೆ ಕೊಕ್ಕೆ ತಕ್ಕಡಿ ಕಟ್ಟಿ ಬ್ಯಾಗ್ ನೇತುಹಾಕಿದೆ. 6.2. ಹಪ್ಪಳ ಶರ್ಟುಗಳ ನಡುವೆ ಹೋಯಿತು, 6.7. ಉಪ್ಪಿನಕಾಯಿಯನ್ನು ಕೈಬ್ಯಾಗಿನಲ್ಲಿ ಇಟ್ಟು ಸೆಕ್ಯುರಿಟಿಯಲ್ಲಿ ಒಮ್ಮೆ ಕಳೆದುಕೊಂಡಿದ್ದೇನೆ, ಹಾಗಾಗಿ ಅದು ಅಲ್ಲೇ ಉಳಿಯಿತು. ಅಕ್ಕಿಯನ್ನು ನಾನು ನೋಡಲಿಲ್ಲವೆಂಬಂತೆ ಇದ್ದೆ. ಅಮ್ಮ ತಕ್ಕಡಿಯ ಅಂಕಿಯನ್ನೇ ಸ್ವಲ್ಪ ಹೊತ್ತು ದಿಟ್ಟಿಸಿದರು. "7 ಅಂದ್ರೆ ಇನ್ನೂ 300 ಗ್ರಾಂ ಉಳೀತಲ್ಲ" ಅನ್ನುತ್ತಾ ಒಳಗೆ ಹೋಗಿ, ಬಾಳೆಕಾಯಿ ಚಿಪ್ಸಿನ ಪೊಟ್ಟಣ ತಂದು ಜೇಬಿಗೆ ತುರುಕಿದರು.

ಅದೇ ಚಪ್ಪಟೆ ಜೇಬು. ರಟ್ಟಿನ ಚೌಕಟ್ಟು ಡೊಂಬಿವಲಿಯಲ್ಲಿತ್ತು.